ಸೂಜಿಗೆ ಹತ್ತಿದ ಕೆಂಪು

ಕೊಪ್ಪದ ಮೆಕ್ಯಾನಿಕ್ ಹೂವಪ್ಪನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಸ್ಪ್ಯಾನರ್ ಇಟ್ಟ ಜಾಗದಲ್ಲಿ ಸಿಗದಿದ್ದರೆ ಸಿಟ್ಟು, ಗಾಡಿ ಬಿಟ್ಟುಹೋದವರು ಗಳಿಗೆಗೊಮ್ಮೆ ಫೋನ್ ಮಾಡಿದರೆ ಸಿಟ್ಟು, ಕಾಫಿ ಆರಿದ್ದರೂ ಸಿಟ್ಟು. ಊರವರು ಅದನ್ನು ತಮಾಷೆಗೆ ತೆಗೆದುಕೊಂಡಿದ್ದರು. "ಹೂವಪ್ಪನ ಹತ್ರ ಬೈಸಿಕೊಂಡು ಬಂದ್ರೆ ಗಾಡಿ ಸರಿಯಾಯ್ತು ಅಂತಲೇ ಲೆಕ್ಕ" ಎನ್ನುತ್ತಿದ್ದರು. ಆದರೆ ಈ ಸಲ ಮಳೆ ಹಿಡಿಯುವ ಮೊದಲು ಅವನಿಗೆ ಬಂದ ಸಿಟ್ಟು ಆ ಬಗೆಯದಲ್ಲ. ಈ ಸಲ ಅವನನ್ನು ಕಳ್ಳ ಅಂದಿದ್ದರು.

ಅಂದವರು ಅಡ್ಡಗದ್ದೆಯ ಗಜಾನನ ರಾಯರು. ಎಲ್ಲೋ ಮರೆಯಲ್ಲಿ ಅಂದಿದ್ದರೆ ಬೇರೆ ಮಾತು. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ದೋಸೆ ತಿನ್ನುವವರ ನಡುವೆ ಎದ್ದು ನಿಂತು, ರಸ್ತೆಗೆ ಕೇಳುವ ಹಾಗೆ ಕೂಗಿದ್ದರು: "ನನ್ನ ಜೀಪಿನ ಹೊಸ ನಾಜಲ್ ತೆಗೆದು ಯಾರದೋ ಹಳೇದು ತುರುಕಿದ್ದಾನೆ! ಕಳ್ಳ ಅವನು!"

ರಾಯರ ಜೀಪು ಹಳೆಯದು. ಅಪ್ಪನ ಕಾಲದ್ದು, ಅದನ್ನು ಮಾರುವ ಮಾತೆತ್ತಿದರೆ ರಾಯರಿಗೆ ಆಗುವುದಿಲ್ಲ. ಬೇಸಿಗೆಯ ನಡುವಿನಲ್ಲಿ ಅದು ಏರು ಹತ್ತಲಾರದೆ ಕುಂಟತೊಡಗಿತು. ಬಿಳಿ ಹೊಗೆ ಬೇರೆ. ಹೂವಪ್ಪ ಎಂಜಿನ್ ಚಾಲೂ ಇಟ್ಟು, ಡೀಸೆಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಟ್ಟ. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಆ ನಾಜಲ್ ಕೆಲಸ ಮಾಡುತ್ತಿದೆ ಎಂದರ್ಥ. ಸದ್ದು ಬದಲಾಗದೇ ಹೋದರೆ ಅದು ಸತ್ತಿದೆ. ಮೂರನೆಯದನ್ನು ಸಡಿಲಿಸಿದಾಗ ಎಂಜಿನ್ ಜಪ್ಪಯ್ಯ ಅನ್ನಲಿಲ್ಲ. ಅದನ್ನು ಬಿಚ್ಚಿ, ನಾಜಲ್ ಪರೀಕ್ಷಿಸುವ ಹ್ಯಾಂಡ್ ಪಂಪಿಗೆ ಕಟ್ಟಿ ಒತ್ತಿದರೆ, ಮಂಜಿನ ಹಾಗೆ ಚೆದುರಬೇಕಾದ ಡೀಸೆಲ್ಲು ಸೋರುವ ನಲ್ಲಿಯಂತೆ ತೊಟ್ಟಿಕ್ಕಿತು. ಒಳಗಿನ ಸೂಜಿ ಅಂಟಿಕೊಂಡಿತ್ತು. ಹೊಸದು ಹಾಕಿದ.

"ಟ್ಯಾಂಕೊಂದು ಬಿಚ್ಚಿ ನೋಡ್ಲಾ ರಾಯ್ರೆ?" ಎಂದೂ ಕೇಳಿದ್ದ.

"ಟ್ಯಾಂಕು ಮೊನ್ನೆ ತೊಳೆಸಿದ್ದು ಮಾರಾಯ. ಅದಕ್ಕೆ ಕೈ ಹಾಕ್ಬೇಡ."

ರಾಯರು ಹೇಳಿದರು, ಇವನು ಕೇಳಿದ. ಕೇಳಬಾರದಿತ್ತು! ಮೂರು ವಾರ ಕಳೆಯುವಷ್ಟರಲ್ಲಿ ಜೀಪು ಮತ್ತೆ ಕುಂಟುತ್ತ ಬಂತು. ಹೊಸ ನಾಜಲ್ಲೇ ಸತ್ತಿತ್ತು. ಹೂವಪ್ಪ ಬಂಕಿನವರ ಮೇಲೆ ಅನುಮಾನಪಟ್ಟು, ಅಲ್ಲಿಗೆ ಹೋಗಿ ಬಾಯಿಗೆ ಬಂದಂತೆ ಬೈದು, ಅವರ ಡೀಸೆಲ್ಲು ಚೊಕ್ಕವಾಗಿರುವುದನ್ನು ಕಣ್ಣಾರೆ ಕಂಡು ಮುಖ ಸಣ್ಣದು ಮಾಡಿಕೊಂಡು ವಾಪಸಾದ. ತನ್ನ ಕೈಯಿಂದಲೇ ಇನ್ನೊಂದು ಹೊಸದು ಹಾಕಿಕೊಟ್ಟ. ಅದೂ ಹೋಯಿತು. ಆಗ ರಾಯರು ಹೋಟೆಲಿನಲ್ಲಿ ಎದ್ದು ನಿಂತರು.

ಸುದ್ದಿ ಕಿವಿಗೆ ಬಿದ್ದದ್ದೇ ಹೂವಪ್ಪನ ಮೈಯೆಲ್ಲ ಉರಿದುಹೋಯಿತು. ಕೆಟ್ಟ ನಾಜಲ್ಲಿನ ಸೂಜಿಯನ್ನು ಅಂಗೈಯಲ್ಲಿಟ್ಟುಕೊಂಡು, ಗ್ರೀಸಿನ ಬಟ್ಟೆಯಲ್ಲೇ ಹೋಟೆಲಿಗೆ ನುಗ್ಗಿದ. "ನೋಡಿ ರಾಯ್ರೆ! ನಾನು ಹಾಕಿದ್ದು ಹೊಸದೇ. ನಿಮ್ಮ ಜೀಪಿನೊಳಗೆ ಹೋಗಿ ಹೀಗಾಗಿದೆ. ಕೆಂಪಗೆ ಎಂತದೋ ಹಿಡಿದಿದೆ, ಕಣ್ಣು ಬಿಟ್ಟು ನೋಡಿ!" ರಾಯರು ಸೂಜಿಯನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಒಂದು ಮಾತೂ ಆಡದೆ ಅದನ್ನು ಮೇಜಿನ ಮೇಲಿಟ್ಟು, ಛತ್ರಿ ತೆಗೆದುಕೊಂಡು ಹೊರಟುಹೋದರು. ನೋಡಿದವರು ಏನು ತಿಳಿಯಬೇಕು? ಇವನ ಜೊತೆ ಮಾತೂ ಬೇಡವೆನಿಸಿರಬೇಕು ಎಂದು ತಿಳಿದರು.

ಮೆಕ್ಯಾನಿಕ್ ಎಂದರೆ ಏನು ಸ್ವಾಮಿ? ಗಾಡಿಯ ಹೊಟ್ಟೆಯೊಳಗೆ ಏನಿತ್ತು, ಏನು ಹೋಯಿತು ಎಂದು ಗಾಡಿಯವನಿಗೆ ಗೊತ್ತಾಗುವುದಿಲ್ಲ. ಇವನು ಹೇಳಿದ್ದನ್ನು ಅವನು ನಂಬಬೇಕು. ಆ ನಂಬಿಕೆ ಹೋದರೆ ಗ್ಯಾರೇಜಿಗೆ ಬೀಗ ಹಾಕಿದ ಹಾಗೆಯೇ. ಆಮೇಲೆ ಬಂದವರು ಕೆಲಸ ಮುಗಿಯುವವರೆಗೂ ಪಕ್ಕದಲ್ಲೇ ಸ್ಟೂಲು ಹಾಕಿ ಕೂರತೊಡಗಿದರು. ಒಬ್ಬ ಫೋನಿನಲ್ಲಿ ವಿಡಿಯೋ ತೆಗೆದ. ಬೇರೆಯವರು ಹೋಗಲಿ, ಹೆಂಡತಿಯ ತಮ್ಮ, ಮುತ್ತಿನಕೊಪ್ಪದ ವಾಸಪ್ಪ ತನ್ನ ಟ್ರ್ಯಾಕ್ಟರಿನ ನಾಜಲ್ ತಂದಾಗ ಅದರ ಬುಡದಲ್ಲಿ ಗುಲಾಬಿ ಬಣ್ಣದ ಚುಕ್ಕೆ ಇತ್ತು. ಅವನ ಮಗಳು ನಿಶ್ಚಿತಾಳ ನೇಲ್ ಪಾಲಿಶ್!

"ಎಂತದಾ ಇದು?"

"ಎಂತ ಇಲ್ಲ ಭಾವ. ಸುಮ್ನೆ, ಒಂದು ಗುರುತಿಗೆ."

ಹೂವಪ್ಪ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿಕೊಟ್ಟ. ಅವತ್ತು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಬಟ್ಟಲು ದೂಡಿ ಎದ್ದ. ಹೆಂಡತಿ ರಾಧಮ್ಮ ಅವನ ಸಿಟ್ಟಿಗೆ ಹೆದರುವವಳಲ್ಲ. "ಅನ್ನ ಎಂತ ಮಾಡಿತ್ತು ನಿಮಗೆ? ಬೈಯೋದಾದ್ರೆ ಅಡ್ಡಗದ್ದೆಗೆ ಹೋಗಿ ಬೈಯಿರಿ" ಎಂದು ಅಂಗಳಕ್ಕೆ ನಡೆದಳು. ಅಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಚೋಮ ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ನೀರು ಬೆರೆಸುತ್ತಿದ್ದ. ಬೆರೆಸಿ, ಸೊಂಟದ ಕತ್ತಿ ತೆಗೆದು ಅದರೊಳಗೆ ಅದ್ದಿ ಎತ್ತಿದ. ಈ ಕಡೆ ಎಲ್ಲರೂ ಮಾಡುವ ಪರೀಕ್ಷೆಯೇ ಅದು. ಸುಣ್ಣ ಸಾಲದಿದ್ದರೆ ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಕೆಂಪಗೆ ಹತ್ತುತ್ತದೆ.

"ಕೆಂಪು ಬಂತು ಅಕ್ಕ. ಇನ್ನಷ್ಟು ಸುಣ್ಣ ಬೇಕು" ಎಂದ ಚೋಮ.

ಜಗಲಿಯಲ್ಲಿ ಕೈ ತೊಳೆಯುತ್ತಿದ್ದ ಹೂವಪ್ಪ ಚೊಂಬನ್ನು ಅಲ್ಲೇ ಬಿಟ್ಟ. ಆ ಕೆಂಪನ್ನು ಅವನು ಎಲ್ಲಿ ಕಂಡಿದ್ದ? ಜೇಬಿನಲ್ಲಿ ಕಾಗದ ಸುತ್ತಿಟ್ಟುಕೊಂಡು ತಿರುಗುತ್ತಿದ್ದ ಸೂಜಿಯನ್ನು ತೆಗೆದು ಕತ್ತಿಯ ಪಕ್ಕ ಹಿಡಿದ. ಒಂದೇ ಬಣ್ಣ. ರಾಧಮ್ಮ ಬಗ್ಗಿ ನೋಡಿ, "ಇದೆಂತದ್ರೀ, ಡೀಸೆಲ್ ಹೋಗೋ ಜಾಗಕ್ಕೆ ಮೈಲುತುತ್ತ ಯಾಕೆ ಬಂತು?" ಎಂದಳು. ಅಷ್ಟರಲ್ಲಿ ಅವನು ಬೈಕ್ ಹತ್ತಿಯಾಗಿತ್ತು.

ದಾರಿಯುದ್ದಕ್ಕೂ ಅವನು ತನ್ನನ್ನೂ ಬೈದುಕೊಂಡ. ಹುಟ್ಟಿದಾಗಿನಿಂದ ಕತ್ತಿಗೆ ಕೆಂಪು ಹತ್ತುವುದನ್ನು ನೋಡಿದವನು, ಕೈಯಲ್ಲೇ ಇಟ್ಟುಕೊಂಡು ತಿರುಗಿದರೂ ಗುರುತು ಹಿಡಿಯಲಿಲ್ಲವಲ್ಲ, ಥೂ!

ಅಡ್ಡಗದ್ದೆಯಲ್ಲಿ ರಾಯರ ಮನೆಯ ಮೆಟ್ಟಿಲು ಹತ್ತಲಿಲ್ಲ. ನೇರ ಜೀಪಿನ ಶೆಡ್ಡಿಗೆ ಹೋದ. ಬಂಕಿಗೆ ಪದೇ ಪದೇ ಹೋಗುವುದು ಬೇಡವೆಂದು ರಾಯರು ಡೀಸೆಲ್ಲನ್ನು ಕ್ಯಾನಿನಲ್ಲಿ ತರಿಸಿಡುತ್ತಿದ್ದರು. ಮೂಲೆಯಲ್ಲಿದ್ದ ಬಿಳಿ ಕ್ಯಾನಿನ ಮುಚ್ಚಳ ತಿರುಗಿಸಿದರೆ, ಹಿಡಿಕೆಯ ಪೊಳ್ಳಿನೊಳಗೆ ನೀಲಿ ಹರಳು ಕಟ್ಟಿಕೊಂಡಿತ್ತು. ಕ್ಯಾನು ಬಗ್ಗಿಸಿದರೆ ತಳದಲ್ಲಿ ನೀಲಿ ನೀರು ಅಲ್ಲಾಡಿತು. ಮೈಲುತುತ್ತ ಕಲಸಿದ ಕ್ಯಾನನ್ನೇ ನೀರಲ್ಲಿ ಗಲಬರಿಸಿ ಡೀಸೆಲ್ ತುಂಬಿದ್ದರು! ಟ್ಯಾಂಕಿಗೆ ಸುರಿದಾಗಲೆಲ್ಲ ಅಷ್ಟಷ್ಟು ವಿಷ ನಾಜಲ್ಲಿಗೆ ಹೋಗುತ್ತಿತ್ತು.

ಸದ್ದು ಕೇಳಿ ರಾಯರು ಬಂದರು. ಹೂವಪ್ಪ ಕ್ಯಾನನ್ನು ಅವರ ಕಾಲ ಬುಡದಲ್ಲಿ ಕುಕ್ಕಿದ. "ಯಾರು ಕಳ್ಳ ರಾಯ್ರೆ? ಈಗ ಹೇಳಿ!"

ರಾಯರು ಕ್ಯಾನಿನತ್ತ ನೋಡಲೇ ಇಲ್ಲ. ನೋಡುವ ಅಗತ್ಯ ಅವರಿಗಿರಲಿಲ್ಲ. ಅದು ಹೂವಪ್ಪನಿಗೆ ಹೊಳೆಯಿತು.

"ನಿಮಗೆ ಗೊತ್ತಿತ್ತು."

"ಹೋಟೆಲಲ್ಲಿ ಸೂಜಿ ತೋರಿಸಿದ್ಯಲ್ಲ ಮಾರಾಯ, ಆಗಲೇ ಗೊತ್ತಾಯ್ತು. ಅಡಿಕೆ ಬೆಳೆಯೋನಿಗೆ ಆ ಕೆಂಪು ಗೊತ್ತಾಗದೆ ಇರ್ತದಾ?" ರಾಯರು ಶಲ್ಯದಿಂದ ಮುಖ ಒರೆಸಿಕೊಂಡರು. "ಎಂತ ಮಾಡೂದು? ಅಷ್ಟೊತ್ತಿಗೆ ಎಲ್ಲರೆದುರು ಹೇಳಿ ಆಗಿತ್ತು. ಹೇಗೆ ವಾಪಸ್ ತಗೊಳ್ಳೂದು ಅಂತ ಗೊತ್ತಾಗ್ಲಿಲ್ಲ. ನಿನಗಾದ ಖರ್ಚೆಲ್ಲ ಕೊಡ್ತೇನೆ."

"ಖರ್ಚು ನಿಮ್ಮ ಹತ್ರವೇ ಇಟ್ಕೊಳ್ಳಿ! ಮಾತು ಹೇಳಿದ್ರಲ್ಲ, ಆ ಜಾಗಕ್ಕೇ ಬಂದು ವಾಪಸ್ ತಗೊಳ್ಳಿ. ನಾಳೆ ಬೆಳಿಗ್ಗೆ. ದೋಸೆ ಹೊತ್ತಿಗೆ."

ರಾಯರು ಬಂದರು, ಅದನ್ನು ಹೇಳಲೇಬೇಕು. ವಾಸಪ್ಪನೂ ಅಲ್ಲಿದ್ದ. ರಾಯರು ಕಾಫಿ ಲೋಟ ಹಿಡಿದು, ಅಕ್ಕಪಕ್ಕದ ಎರಡು ಮೇಜಿಗೆ ಕೇಳುವಷ್ಟು ದನಿಯಲ್ಲಿ, "ಅದು ನಮ್ಮ ಮನೆ ಕ್ಯಾನಿನದೇ ಉಪದ್ರ ಅಂತೆ, ಹೂವಪ್ಪಂದು ಎಂತ ತಪ್ಪಿಲ್ಲ" ಎಂದು ನಕ್ಕರು. ಕೆಲವರು ನಕ್ಕರು. ಒಬ್ಬ ಚಟ್ನಿ ಕೇಳಿದ.

ಹೂವಪ್ಪ ಮೇಜಿಗೆ ಗುದ್ದಿದ. ಲೋಟಗಳು ಹಾರಿಬಿದ್ದವು. "ಅವತ್ತು ಇಷ್ಟು ಮೆತ್ತಗೆ ಹೇಳಿದ್ರಾ? ಕಳ್ಳ ಅಂತ ಕೂಗಿದ್ದು ಬಸ್ಸಲ್ಲಿ ಕೂತವರಿಗೂ ಕೇಳಿತ್ತು. ಅಷ್ಟೇ ಜೋರಾಗಿ ಹೇಳಿ!"

ರಾಯರ ಮುಖ ಕಪ್ಪಿಟ್ಟಿತು. ಆದರೂ ಎದ್ದರು. ಕಂಬ ಹಿಡಿದುಕೊಂಡು, ನಡುಗುವ ದನಿಯನ್ನು ಎತ್ತರಿಸಿ ಕೂಗಿದರು: "ಹೂವಪ್ಪ ಕಳ್ಳ ಅಲ್ಲ! ಸುಳ್ಳು ಹೇಳಿದ್ದು ನಾನು!"

ಶೃಂಗೇರಿ ಬಸ್ಸಿನ ಕಿಟಕಿಯಿಂದ ಯಾರೋ ತಲೆ ಹೊರಹಾಕಿ, "ಎಂತ ಕದ್ದದ್ದಂತೆ ಮಾರಾಯ್ರೆ?" ಎಂದು ಕೇಳಿದರು.

ವಾಸಪ್ಪ ಬಂದು ಬೆನ್ನು ತಟ್ಟಿದ. "ಬಿಡು ಭಾವ, ನಮಗೆಲ್ಲ ಮೊದಲೇ ಗೊತ್ತಿತ್ತು" ಎಂದ.

ಅದೇ ವಾಸಪ್ಪ ಮುಂದಿನ ಸೋಮವಾರ ಪಕ್ಕದ ಮನೆಯವರ ಟಿಲ್ಲರಿನ ನಾಜಲ್ ಹಿಡಿದು ಗ್ಯಾರೇಜಿಗೆ ಬಂದ. ಹೂವಪ್ಪ ಅದನ್ನು ತಿರುಗಿಸಿ ನೋಡಿದ. ಬುಡದಲ್ಲಿ ಗುಲಾಬಿ ಚುಕ್ಕೆ.

ಅವನು ಕೂಗಲಿಲ್ಲ. ಬಟ್ಟೆಯ ಚೂರನ್ನು ಥಿನ್ನರಿನಲ್ಲಿ ಅದ್ದಿ, ಆ ಚುಕ್ಕೆಯನ್ನು ತಿಕ್ಕಿ ತಿಕ್ಕಿ ಒರೆಸಿ, ನಾಜಲ್ಲನ್ನು ಭಾವಮೈದುನನ ಕೈಯಲ್ಲಿಟ್ಟ. "ಹೀಗೇ ಕೊಡೋ ಧೈರ್ಯ ಇದ್ರೆ ಕೊಡು. ಇಲ್ದಿದ್ರೆ ಹೊರಡು."

ವಾಸಪ್ಪ ನಾಜಲ್ ನೋಡಿದ, ಹೂವಪ್ಪನನ್ನು ನೋಡಿದ. "ಅವರನ್ನೊಂದು ಮಾತು ಕೇಳಿ ಬರ್ತೇನೆ ಭಾವ" ಎಂದು ಹೊರಟ.

ಅವನು ಹೋದ ದಾರಿಯಲ್ಲೇ ಕುಂಟುತ್ತ ರಾಯರ ಜೀಪು ಬಂತು. ರಾಯರು ಇಳಿದು, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, "ಟ್ಯಾಂಕು, ಪೈಪು, ನಾಜಲ್ಲು, ಎಲ್ಲ ಬಿಚ್ಚು. ನಾನು ಕೂರೂದಿಲ್ಲ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ತಿರುಗಿಯೂ ನೋಡಲಿಲ್ಲ.

ಹೂವಪ್ಪ ನಾಲ್ಕೂ ನಾಜಲ್ ಬಿಚ್ಚಿ ಸಾಲಾಗಿ ಇಟ್ಟ. ಒಂದರ ಮೇಲೂ ಗುರುತಿರಲಿಲ್ಲ. ಇಡೀ ಕೊಪ್ಪದಲ್ಲಿ ಅವನನ್ನು ನಂಬಿ ಗಾಡಿ ಬಿಟ್ಟುಹೋದವರು ಈಗ ಈ ರಾಯರೊಬ್ಬರೇ. ಅದು ಹೊಳೆದದ್ದೇ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಪ್ಯಾನರ್ ಎತ್ತಿ ಗೋಡೆಗೆ ಬೀಸಿ ಒಗೆದ. ಆಮೇಲೆ ಎದ್ದುಹೋಗಿ ಅದನ್ನು ಹೆಕ್ಕಿಕೊಂಡು ಬಂದು, ಟ್ಯಾಂಕಿನ ನಟ್ಟಿಗೆ ಕೈ ಹಾಕಿದ.