ಪಂಚಮಿಗೆ ಬರುತ್ತಿದ್ದ ಬೂಸಲು

ಬಾದಾಮಿ ಕಡೆ ಅಷ್ಟು ಬಿಸಿಲು, ಅಲ್ಲಿ ಮನೆಯೊಳಗೆ ಬೂಸಲು, ಬೂಷ್ಟು ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಂಥವರನ್ನು ನಮ್ಮ ಹಿಂದಿನ ಖೋಲಿಯಲ್ಲಿ ಒಂದು ಶ್ರಾವಣ ಮಲಗಿಸಬೇಕಿತ್ತು.

ಎಪ್ಪತ್ತರ ದಶಕದ ನಡುವೆ ಅಪ್ಪನಿಗೆ ಬಾದಾಮಿಯ ಸಾಲೆಗೆ ವರ್ಗವಾದಾಗ ನಮಗೆ ಬಾಡಿಗೆಗೆ ಸಿಕ್ಕ ಮನೆ ಗುಡ್ಡದ ಬುಡಕ್ಕೇ ಅಂಟಿಕೊಂಡಿತ್ತು. ಕಟ್ಟಿಸಿದವನು ಭಾರಿ ಜಾಣ. ಹಿಂದಿನ ಖೋಲಿಗೆ ಮೂರೇ ಗೋಡೆ ಎಬ್ಬಿಸಿ, ನಾಲ್ಕನೆಯದಕ್ಕೆ ಗುಡ್ಡದ ಬಂಡೆಯನ್ನೇ ಹಾಗೆಯೇ ಬಿಟ್ಟಿದ್ದ. ಬೇಸಿಗೆಯಲ್ಲಿ ಆ ಖೋಲಿ ತಂಪು, ನಾವೆಲ್ಲ ಮಧ್ಯಾಹ್ನ ಅಲ್ಲಿಯೇ ಉರುಳಿಕೊಳ್ಳುತ್ತಿದ್ದೆವು. ಮಳೆಗಾಲ ಬಂತೆಂದರೆ ಅವನ ಜಾಣತನದ ಫಲ ನಮ್ಮ ಪಾಲಿಗೆ. ಗುಡ್ಡ ಮೇಲೆ ಬಿದ್ದ ನೀರನ್ನೆಲ್ಲ ಕುಡಿದು, ಸಾವಕಾಶವಾಗಿ ನಮ್ಮ ಖೋಲಿಯೊಳಗೆ ಬಿಡುತ್ತಿತ್ತು. ಹೊರಗೆ ಮಳೆ ನಿಂತು ಬಿಸಿಲು ಬಿದ್ದಿರುತ್ತಿತ್ತು, ಒಳಗೆ ಬಂಡೆ ಬೆವರುತ್ತಿತ್ತು.

"ಊರಾಗ ಮಳಿ ನಿಂತಮ್ಯಾಲ ನಮ್ಮ ಮನ್ಯಾಗ ಮಳಿ ಚಾಲೂ ಆಗತೈತಿ ನೋಡ" ಎಂದು ಅಪ್ಪ ಗೊಣಗುತ್ತಿದ್ದ.

ಆಮೇಲೆ ಬೂಸಲು. ಮೊದಲು ಅಪ್ಪನ ಚಪ್ಪಲಿಯ ಮೇಲೆ ಹಸಿರು, ನಂತರ ಪುಸ್ತಕದ ರಟ್ಟಿನ ಮೇಲೆ ಬಿಳಿ, ಕಡೆಗೆ ಡಬ್ಬಿಯೊಳಗಿನ ಖಡಕ್ ರೊಟ್ಟಿಯ ಮೇಲೆ ಕರಿ ಚುಕ್ಕಿ. ಅಪ್ಪ ಸಾಲೆಯಲ್ಲಿ ಶಿಸ್ತಿಗೆ ಹೆಸರಾದವನು. ತಡವಾಗಿ ಬರುವ ಹುಡುಗರನ್ನು ಕಂಡಂತೆಯೇ ಬೂಸಲನ್ನೂ ಕಾಣುತ್ತಿದ್ದ. ಸುಣ್ಣದಲ್ಲಿ ಮೈಲುತುತ್ತ ಕಲಸಿ ಗೋಡೆಗೆ ಬಳಿಯುತ್ತಿದ್ದ. ಶೆಗಡಿಯಲ್ಲಿ ಇದ್ದಿಲು ಉರಿಸಿ ಖೋಲಿಯ ನಡುವೆ ಇಡುತ್ತಿದ್ದ. ಬೇವಿನ ಸೊಪ್ಪಿನ ಹೊಗೆ ಹಾಕಿ ತಾನೇ ಕಣ್ಣೀರು ಸುರಿಸುತ್ತ ಹೊರಬರುತ್ತಿದ್ದ. ಮೂರು ಗೋಡೆ ಮಾತು ಕೇಳುತ್ತಿದ್ದವು. ಬಂಡೆ ಮಾತ್ರ ಯಾರಪ್ಪನ ಮಾತನ್ನೂ ಕೇಳಲಿಲ್ಲ.

ಈ ಎಲ್ಲದರಲ್ಲಿ ಅವ್ವ ಅಪ್ಪನ ಬೆನ್ನಿಗೇ ಇರುತ್ತಿದ್ದಳು. ಹಾಸಿಗೆ ಹೊರಗೆ ಹಾಕುವುದು, ಡಬ್ಬಿ ಒರೆಸುವುದು, ರೊಟ್ಟಿಯನ್ನು ಮತ್ತೆ ಹಂಚಿನ ಮೇಲೆ ಕಾಯಿಸುವುದು, ಎಲ್ಲ ಅವಳೇ. ಆದರೆ ಪಂಚಮಿ ಹಬ್ಬ ಹತ್ತಿರ ಬಂದಾಗ ಅವಳದೊಂದು ವಿಚಿತ್ರವಿತ್ತು. ಮಧ್ಯಾಹ್ನದ ಕೆಲಸ ಮುಗಿಸಿ, ಆ ಖೋಲಿಯ ಮೂಲೆಯಲ್ಲಿ ಬಂಡೆಗೆ ಬೆನ್ನು ಹಚ್ಚಿ ಸುಮ್ಮನೆ ಕೂತುಬಿಡುತ್ತಿದ್ದಳು. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಕೂತ ಅವ್ವನನ್ನು ನಾನು ಬೇರೆಲ್ಲೂ ನೋಡಿದವಳಲ್ಲ.

"ಯವ್ವಾ, ಇಲ್ಲ್ಯಾಕ ಕುಂತಿ? ನಾತ ಬರತೈತಿ" ಎಂದು ಒಮ್ಮೆ ಮೂಗು ಮುಚ್ಚಿಕೊಂಡು ಕೇಳಿದೆ.

"ನಿನಗ ನಾತ. ನನಗ ನಮ್ಮಪ್ಪನ ಮಗ್ಗದ ಕುಣಿ ವಾಸನಿ" ಎಂದಳು.

ಅವ್ವನ ತವರು ಇಳಕಲ್. ಅವಳ ಅಪ್ಪ ನೇಕಾರ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅವರದು. ಒಣ ಗಾಳಿಗೆ ನೂಲು ಪಟಪಟ ಹರಿಯುತ್ತದೆಂದು ಆ ಖೋಲಿಯನ್ನು ಬೇಕೆಂದೇ ಹಸಿಯಾಗಿ ಇಡುತ್ತಿದ್ದರಂತೆ. ಕುಣಿಗೆ ನೀರು ಚಿಮುಕಿಸುವುದು, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು ಅವ್ವನ ಕೆಲಸ. ಕುಣಿಯ ಮಣ್ಣಿಗೆ ವರ್ಷವಿಡೀ ಬೂಸಲು. ಅದರ ಜೊತೆ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ. ಮಗ್ಗದ ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಅವಳು ದೊಡ್ಡವಳಾದದ್ದು ಆ ವಾಸನೆಯಲ್ಲಿಯೇ. ಅಪ್ಪ ಯಾವುದನ್ನು ಓಡಿಸಲು ಮೈಲುತುತ್ತ ಕಲಸುತ್ತಿದ್ದನೋ ಅದನ್ನೇ ಅವಳು ನೀರು ಹಾಕಿ ಸಾಕಿದ್ದಳು. ಈ ಮಾತು ಹೇಳಿ ಅವಳೇ ನಕ್ಕಳು.

ಆ ತವರು ಆಗ ಉಳಿದಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಸೋದರಮಾವ ಮಗ್ಗ ಮಾರಿ, ಮನೆಯನ್ನೂ ಮಾರಿ, ಹೆಂಡತಿ ಮಕ್ಕಳ ಜೊತೆ ಸೊಲ್ಲಾಪುರದ ಪವರ್‌ಲೂಮಿಗೆ ಹೋದ. ಮನೆ ಕೊಂಡವರು ಕುಣಿ ಮುಚ್ಚಿ, ಮೇಲೆ ಶಹಾಬಾದಿ ಕಲ್ಲು ಹಾಸಿದರಂತೆ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಣ್ಣ ಬಂದು ಕರೆಯುತ್ತಾನೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಆಡುತ್ತಾರೆ. ಓಣಿಯ ಹೆಂಗಸರೆಲ್ಲ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರೆ, ಅವ್ವ ಅವರನ್ನು ಬಾಗಿಲವರೆಗೆ ಕಳಿಸಿಬಂದು ಹಿಂದಿನ ಖೋಲಿಗೆ ಹೋಗುತ್ತಿದ್ದಳು. ಹೊರಬಂದಾಗ ಮುಖ ಹಗುರಾಗಿರುತ್ತಿತ್ತು.

"ಹೋಗಿ ಬಂದ್ಯಾ?" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

"ಹೂನವಾ, ಹೋಗಿ ಬಂದೆ. ಎಲ್ಲಾರೂ ಅರಾಮ ಅದಾರ" ಎನ್ನುತ್ತಿದ್ದಳು.

ಇದು ನಮ್ಮಿಬ್ಬರ ನಡುವಿನ ಮಾತು, ಅಪ್ಪನಿಗೆ ಗೊತ್ತಿರಲಿಲ್ಲ. ಬೂಸಲಿನ ಮೇಲೆ ಅವನಿಗಿದ್ದ ಹಗೆ ನೋಡಿದರೆ ಹೇಳುವಂತೆಯೂ ಇರಲಿಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದಾಗ ನನಗೆ ಕೆಮ್ಮು ಹತ್ತಿತು. ಮಳೆಗಾಲದಲ್ಲಿ ಶುರುವಾದರೆ ದೀಪಾವಳಿ ಕಳೆದರೂ ಬಿಡದ ಕೆಮ್ಮು, ಉಸಿರು ಎಳೆದರೆ ಎದೆಯೊಳಗೆ ಸಿಳ್ಳು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ನಳಿಕೆ ಹಚ್ಚಿ ಕೇಳಿ, ಅಪ್ಪನ ಕಡೆ ತಿರುಗಿ, "ಮಾಸ್ತರ, ಮನ್ಯಾಗ ಬೂಸಲ ಐತೇನ್ರಿ?" ಎಂದರು. ಅಪ್ಪ ಬಂಡೆಯ ಕಥೆ ಹೇಳಿದ. "ಒಂದೋ ಮನಿ ಬಿಡ್ರಿ, ಇಲ್ಲಾ ಬೂಸಲ ಬಿಡಸ್ರಿ. ಇದು ಔಷಧಕ್ಕಷ್ಟ ಹೋಗೂದಲ್ಲ" ಎಂದರು. ನನ್ನ ಪಕ್ಕದಲ್ಲಿ ಕೂತ ಅವ್ವ ನನ್ನ ಕೈಯನ್ನು ಹಿಡಿದುಕೊಂಡಿದ್ದಳು. ಡಾಕ್ಟರು ಬೂಸಲೆಂದಾಗ ಅವಳ ಹಿಡಿತ ಬಿಗಿಯಾದದ್ದು ನನಗೆ ಈಗಲೂ ನೆನಪಿದೆ.

ಮನೆ ಬಿಡೋಣವೆಂದರೆ ಅಷ್ಟು ಬಾಡಿಗೆಗೆ ಬೇರೆ ಸಿಗಲಿಲ್ಲ. ಬೇಸಿಗೆ ಸೂಟಿಯಲ್ಲಿ ಅಪ್ಪ ಗೌಂಡಿಯನ್ನು ಕರೆಸಿದ. ಗೌಂಡಿ ಗುಡ್ಡ ಹತ್ತಿ, ನೀರು ಬೇರೆ ಕಡೆ ಹರಿಯುವಂತೆ ಮೇಲೊಂದು ಸಣ್ಣ ಒಡ್ಡು ಹಾಕಿದ. ಒಳಗೆ ಬಂಡೆಗೆ ತಾಗದಂತೆ ಒಂದು ಗೇಣು ಸಂದು ಬಿಟ್ಟು ಇಟ್ಟಂಗಿಯ ಗೋಡೆ ಎಬ್ಬಿಸಿದ. ಸಂದಿಗೆ ಇಳಿದ ನೀರು ಹೊರಗಿನ ಮೋರಿಗೆ ಹೋಗಬೇಕು, ಖೋಲಿಗೆ ತಾಗಬಾರದು. ಅವ್ವ ಕಲಸಿದ ಸಿಮೆಂಟನ್ನು ಬುಟ್ಟಿಯಲ್ಲಿ ಹೊತ್ತು ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಗೋಡೆ ಎದೆಯ ಎತ್ತರಕ್ಕೆ ಬಂದಾಗ ಮಾತ್ರ ಗೌಂಡಿಗೆ ಮೆಲ್ಲಗೆ ಹೇಳಿದಳು.

"ಅಣ್ಣಾ, ಆ ಮೂಲ್ಯಾಗ ಒಂದ ಇಟ್ಟಂಗಿ ಬಿಡ. ಗಾಳಿ ಆಡಲಿ."

ಆ ಮೂಲೆ ಅವಳು ಕೂಡುವ ಮೂಲೆ. ಗೌಂಡಿ ಒಂದು ಇಟ್ಟಂಗಿಯ ಜಾಗ ಬಿಟ್ಟ. ಅಪ್ಪ ಗಮನಿಸಲಿಲ್ಲ. ನಾನು ನೋಡಿ ಅವ್ವನನ್ನು ನೋಡಿದೆ, ಅವಳು ನನ್ನನ್ನು ನೋಡಲಿಲ್ಲ. ಮಾರನೆಯ ದಿನ ಗೋಡೆಗೆ ಮೆತ್ತುವ ಗಿಲಾವು ಕಲಸುವಾಗ ಸಿಮೆಂಟಿನ ಧೂಳೆದ್ದು ನನಗೆ ಕೆಮ್ಮು ಹತ್ತಿತು. ಬಾಗಿಲು ಹಿಡಿದು ಬಗ್ಗಿಬಿಟ್ಟೆ, ಉಸಿರು ಒಳಗೂ ಹೋಗದು, ಹೊರಗೂ ಬಾರದು. ಅವ್ವ ಬುಟ್ಟಿ ಎಸೆದು ಓಡಿಬಂದು ಬೆನ್ನು ತೀಡಿದಳು. ನನ್ನ ಉಸಿರು ನೆಟ್ಟಗಾದ ಮೇಲೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಒಳಗೆ ಹೋಗಿ, ಒಂದು ಇಟ್ಟಂಗಿ ಎತ್ತಿಕೊಂಡು, ಅದಕ್ಕೆ ಕೈಯಿಂದಲೇ ಸಿಮೆಂಟು ಮೆತ್ತಿ, ತಾನು ಬಿಡಿಸಿದ್ದ ಜಾಗಕ್ಕೆ ಒತ್ತಿ ಕೂರಿಸಿಬಿಟ್ಟಳು. ಗೌಂಡಿ "ಗಾಳಿಗೆ ಅಂತ ಬಿಡಂದಿದ್ರೆಲ್ಲಬೇ" ಎಂದ. "ಗಾಳಿ ಸಾಕಾತಪ್ಪಾ" ಎಂದಳು. ಎರಡು ದಿನ ಅವಳ ಬೆರಳ ತುದಿಗಳು ಸಿಮೆಂಟಿಗೆ ಸುಟ್ಟು ಬಿಳಿಚಿದ್ದವು, ಆ ಕೈಯಲ್ಲಿಯೇ ರೊಟ್ಟಿ ಬಡಿದಳು.

ಗೋಡೆ ಗೆದ್ದಿತು. ಆ ಮಳೆಗಾಲ ಅಪ್ಪನ ಚಪ್ಪಲಿ ಚಪ್ಪಲಿಯ ಬಣ್ಣದಲ್ಲಿಯೇ ಉಳಿಯಿತು. ರೊಟ್ಟಿ ಕಟಕಟ ಮುರಿಯುತ್ತಿತ್ತು. ನನ್ನ ಎದೆಯ ಸಿಳ್ಳು ನಿಂತಿತು. ಬಂದವರನ್ನೆಲ್ಲ ಅಪ್ಪ ಹಿಂದಿನ ಖೋಲಿಗೆ ಕರೆದೊಯ್ದು, ಗೋಡೆಗೆ ಅಂಗೈ ಹಚ್ಚಿಸಿ ಕಳಿಸುತ್ತಿದ್ದ. ಪಂಚಮಿ ಬಂತು. ಓಣಿಯ ಹೆಂಗಸರು ತವರಿಗೆ ಹೋದರು. ಅವ್ವ ಆ ಖೋಲಿಗೆ ಹೋದವಳು ಬಹಳ ಹೊತ್ತಾದರೂ ಹೊರಬರಲಿಲ್ಲ. ನಾನೂ ಅಪ್ಪನೂ ನೋಡಹೋದರೆ, ಗೋಡೆಯ ಕಡೆ ಮುಖ ಮಾಡಿ, ಆ ಇಟ್ಟಂಗಿ ಇದ್ದ ಜಾಗಕ್ಕೆ ಮೂಗು ಹಚ್ಚಿ ನಿಂತಿದ್ದಳು.

"ಏನ ಮಾಡಾಕತ್ತಿ?" ಎಂದ ಅಪ್ಪ.

"ಏನಿಲ್ರಿ. ವಾಸನಿ ಹೋಗೇತೇನಂತ ನೋಡಾಕತ್ತಿದ್ನಿ."

"ಹೋಗೇತಲಾ! ಛಲೋ ಆತು."

"ಹೂನ್ರಿ, ಛಲೋ ಆತು" ಎಂದು ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ನನಗೆ ತಡೆಯಲಾಗಲಿಲ್ಲ. ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ, ಮಗ್ಗದ ಕುಣಿ, ಒದ್ದೆ ಗೋಣಿತಾಟು, ಹೋಗಿ ಬಂದೆ ಎನ್ನುವ ನಮ್ಮ ಚಾಷ್ಟಿ, ಇಟ್ಟಂಗಿ. ಅಪ್ಪ ಆ ಇಟ್ಟಂಗಿಯ ಜಾಗಕ್ಕೆ ಅಂಗೈ ಹಚ್ಚಿದ. ಬೈಯುತ್ತಾನೇನೋ ಎಂದು ಹೆದರಿದ್ದೆ. ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ನಾಳೆ ಇಳಕಲ್ಲಿಗೆ ಹೋಗೂಣು" ಎಂದ.

"ಅಲ್ಲೇನೈತ್ರಿ ಈಗ?"

"ನಿಮ್ಮಪ್ಪನ ಮಗ್ಗ ಇಲ್ಲದಿದ್ದರ ಊರಾಗ ಉಳಿದವರ ಮಗ್ಗ ಇಲ್ಲೇನು?" ಎಂದವನು, ಸ್ವಲ್ಪ ತಡೆದು, ಮಾಸ್ತರನ ಲೆಕ್ಕಾಚಾರ ಬಿಡಲಾಗದೆ, "ಹಂಗ ನೋಡಿದರ ಗುಳೇದಗುಡ್ಡದಾಗೂ ಮಗ್ಗ ಅದಾವ. ಸಮೀಪ ಆಗತೈತಿ" ಎಂದ.

ಅವ್ವ ಅಳುತ್ತಿದ್ದವಳು ನಕ್ಕುಬಿಟ್ಟಳು. "ಸಮೀಪ ಐತಂತ ಯಾರದೋ ಊರನ್ನ ತವರ ಮಾಡಕೋತಾರೇನ್ರಿ?"

ಹಬ್ಬದ ಮರುದಿನ ಮೂವರೂ ಬಸ್ಸು ಹತ್ತಿದೆವು. ಹುನಗುಂದದಲ್ಲಿ ಬಸ್ಸು ಬದಲಿಸಿ ಇಳಕಲ್ ಮುಟ್ಟಿ, ಮಗ್ಗದ ಸಪ್ಪಳ ಕೇಳುವ ಓಣಿಯೊಂದಕ್ಕೆ ಹೋದೆವು. ಬಾಗಿಲು ತೆರೆದಿದ್ದ ಒಂದು ಮನೆಯ ಮುಂದೆ ಅಪ್ಪ ನಿಂತ. ಸಾಲೆಯಲ್ಲಿ ಗುಡುಗುವ ಮನುಷ್ಯ ತೆರೆದ ಕದವನ್ನೇ ಮೆಲ್ಲಗೆ ತಟ್ಟಿದ. ಹೊರಬಂದ ಮುದುಕಿಗೆ ಕೈಮುಗಿದ.

"ಯಮ್ಮಾ, ನಾವು ಸೀರಿ ತಗೊಳ್ಳಾಕ ಬಂದಿಲ್ರಿ. ಈಕಿ ಈ ಊರ ನೇಕಾರರ ಮಗಳು. ತವರಮನ್ಯಾಗ ಯಾರೂ ಉಳಿದಿಲ್ಲ. ಒಂದೀಟ ನಿಮ್ಮ ಮಗ್ಗದ ಹತ್ರ ಕುಂದರ್ತಾಳ, ಅಷ್ಟ."

ಮುದುಕಿ ಅವ್ವನನ್ನು ಮೇಲಿಂದ ಕೆಳಗೆ ನೋಡಿದಳು. "ಪಂಚಮಿಗೆ ಬಂದ ಹೆಣ್ಮಗಳನ್ನ ಯಾರರ ಬಾಗಲದಾಗ ನಿಂದರಸ್ತಾರೇನಪಾ? ಬಾರ ನನ್ನವ್ವಾ, ಒಳಗ ಬಾ."

ಒಳಗೆ ಕತ್ತಲು, ತಂಪು. ಹೊಸ್ತಿಲು ದಾಟುತ್ತಲೇ ಆ ವಾಸನೆ. ನಮ್ಮ ಹಿಂದಿನ ಖೋಲಿಯದೇ, ಅದಕ್ಕಿಂತ ಹುಳಿ, ಅದಕ್ಕಿಂತ ಹಳೆಯದು. ಮುದುಕಿಯ ಮಗ ನೇಯುತ್ತಿದ್ದ. ಅವ್ವ ಯಾರನ್ನೂ ಕೇಳದೆ ರಾಟಿಯ ಮುಂದೆ ಕೂತಳು. ಕೈ ತಾನೇ ನೂಲು ಹಿಡಿಯಿತು. ಅವಳ ಮುಖ ನನ್ನ ವಯಸ್ಸಿನ ಹುಡುಗಿಯ ಮುಖದಂತಾಯಿತು. ಅಷ್ಟನ್ನೇ ನಾನು ನೋಡಿದ್ದು. ನನಗೆ ಕೆಮ್ಮು ಬರತೊಡಗಿತು. ಬಾಯಿಗೆ ಲಂಗ ಒತ್ತಿಕೊಂಡು ಹೊರಗಿನ ಕಟ್ಟೆಗೆ ಓಡಿದೆ. ಅಪ್ಪ ಹಿಂದೆಯೇ ಬಂದು ಬೆನ್ನು ತೀಡಿದ. ಅವ್ವನಿಗೆ ಕೇಳಬಾರದೆಂದು ಎಷ್ಟು ನುಂಗಿದರೂ ಕೆಮ್ಮು ನುಂಗುವ ವಸ್ತುವೇ? ಒಳಗೆ ರಾಟಿ ನಿಂತಿತು. ಅವ್ವ ಬಾಗಿಲಿಗೆ ಬಂದಳು.

"ನಡೀರಿ, ಸಾಕು."

"ನೀ ಕುಂದರಬೇ. ನಾ ಇಲ್ಲೇ ಹೊರಗ ಇರ್ತೇನಿ" ಎಂದು ಗೋಗರೆದೆ.

"ನೀ ಹೊರಗ ಕೆಮ್ಮಾಕತ್ತರ ನಾ ಒಳಗ ಹ್ಯಾಂಗ ಕುಂದರ್ಲಿ?"

ಮುದುಕಿ ಅವ್ವನಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿ, ಬರುವ ಪಂಚಮಿಗೂ ಬಾ ಎಂದಳು. ಅವ್ವ ಹೋದಳು. ಪ್ರತಿ ಪಂಚಮಿಗೂ ಹೋದಳು. ನಾವಿಬ್ಬರೂ ಜೊತೆಗೆ. ನಾನು ಓಣಿಯ ಆಚೆ ಬದಿಯ ಕಟ್ಟೆಯ ಮೇಲೆ, ವಾಸನೆ ಬಾರದಷ್ಟು ದೂರ ಕೂಡುತ್ತಿದ್ದೆ. ರಾಟಿಯ ಸಪ್ಪಳವಷ್ಟೇ ನನಗೆ ಕೇಳುತ್ತಿತ್ತು. ಆ ಖೋಲಿಯಲ್ಲಿ ಕೂತ ಅವ್ವನನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ತೀರಲೇ ಇಲ್ಲ.

ಎಂಬತ್ತರ ದಶಕದಲ್ಲಿ ನನ್ನನ್ನು ಹುನಗುಂದಕ್ಕೆ ಕೊಟ್ಟರು. ಅದಾದ ಮೇಲೆ ಕೆಲವೇ ವರ್ಷ ಅವ್ವ ಇದ್ದಳು. ಅವಳು ತೀರಿಕೊಂಡ ವರ್ಷದ ಪಂಚಮಿಗೆ ನನ್ನನ್ನು ಕರೆಯಲು ಯಾರು ಬರುತ್ತಾರೆ ಎಂದು ಅಳುತ್ತ ಕೂತಿದ್ದೆ. ಅಪ್ಪ ಬಂದ, ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದು. ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಬಾದಾಮಿಯ ಬಸ್ಸು ನಿಂತಿತ್ತು. ಅಪ್ಪ ಅದನ್ನು ದಾಟಿ ಇಳಕಲ್ಲಿನ ಬಸ್ಸಿನ ಕಡೆ ನಡೆದ. ನಾನೂ ಅವನ ಹಿಂದೆಯೇ ಹತ್ತಿದೆ.

ಮುದುಕಿ ಇನ್ನೂ ಗಟ್ಟಿಯಾಗಿದ್ದಳು. ಸುದ್ದಿ ಕೇಳಿ ನನ್ನನ್ನು ತಬ್ಬಿಕೊಂಡು ಅತ್ತಳು, ಒಳಗೆ ಕರೆದಳು. ನನಗೆ ಧೈರ್ಯವಾಗಲಿಲ್ಲ. ಆದರೆ ಆ ಸಲ ಆಚೆ ಬದಿಗೆ ಹೋಗಲು ಮನಸ್ಸು ಬರದೆ, ಅವರ ಬಾಗಿಲಿನ ಕಟ್ಟೆಯ ಮೇಲೆಯೇ ಕೂತೆ. ಅಪ್ಪ ಪಕ್ಕದಲ್ಲಿ ಕೂತ. ಒಳಗೆ ಮುದುಕಿಯ ಸೊಸೆ ರಾಟಿ ತಿರುಗಿಸುತ್ತಿದ್ದಳು. ತಂಪು ಗಾಳಿಯ ಜೊತೆ ಬೂಸಲಿನ ವಾಸನೆ ಬಂತು. ಚಿಕ್ಕಂದಿನಲ್ಲಿ ಮೂಗು ಮುಚ್ಚಿಕೊಂಡ ವಾಸನೆಯನ್ನು ನಾನು ಬಾಯಿ ತೆರೆದು ಎಳೆದುಕೊಂಡೆ. ಎದೆ ಹಿಡಿಯಿತು. ಕೆಮ್ಮು ಬಂತು.

ಒಳಗೆ ರಾಟಿ ನಿಂತಿತು. ಅವ್ವ ಈಗ ಎದ್ದು ಬರುತ್ತಾಳೆ ಎಂದು ನಾನು ಬಾಗಿಲನ್ನೇ ನೋಡುತ್ತ ಕೂತೆ. ಪಕ್ಕಕ್ಕೆ ತಿರುಗಿದರೆ ಅಪ್ಪನೂ ಅದೇ ಬಾಗಿಲನ್ನು ನೋಡುತ್ತಿದ್ದ.