ಷಡ್ಡಕರು ಕಟ್ಟಿದ ಪೇಟ

ನನಗೆ ಪೇಟ ಕಟ್ಟಲು ಬರುವುದಿಲ್ಲ. ನಂಜನಗೂಡಿನಲ್ಲಿ ವಕೀಲನೆನ್ನಿಸಿಕೊಂಡು, ಬಿ.ಎ. ಎಂಬ ಎರಡಕ್ಷರವನ್ನು ಹೆಸರಿನ ಹಿಂದೆ ಬಾಲದಂತೆ ಎಳೆದುಕೊಂಡು ತಿರುಗುವ ನಾನು, ಗಜಗಟ್ಟಲೆ ಉದ್ದದ ಒಂದು ಜರಿಯಂಚಿನ ಬಟ್ಟೆಯ ಮುಂದೆ ಒಂದನೇ ತರಗತಿಯ ಹುಡುಗನಂತೆ ಬೆಪ್ಪಾಗಿ ನಿಲ್ಲುತ್ತೇನೆ. ನಾನು ಕಟ್ಟಿದರೆ ಅದು ಮೂರನೆಯ ಸುತ್ತಿಗೆ ಕಿವಿಯ ಮೇಲೆ ಇಳಿಯುತ್ತದೆ, ಐದನೆಯ ಸುತ್ತಿಗೆ ಮೂಗನ್ನು ವಿಚಾರಿಸಿಕೊಳ್ಳಲು ಬರುತ್ತದೆ. ಆದ್ದರಿಂದ ಬಲ್ಲವರು ಯಾರಾದರೂ ಒಮ್ಮೆ ಕಟ್ಟಿಕೊಟ್ಟರೆ, ಅದನ್ನು ಪಾತ್ರೆಯ ಮುಚ್ಚಳ ತೆಗೆಯುವಂತೆ ತಲೆಯಿಂದ ಮೆಲ್ಲಗೆ ಎತ್ತಿ ಗೂಟಕ್ಕೆ ಸಿಕ್ಕಿಸಿ ತಿಂಗಳುಗಟ್ಟಲೆ ಕಾಪಾಡುತ್ತೇನೆ. ಒಂದು ವರ್ಷ ಅದರೊಳಗೆ ಜೇಡವೊಂದು ಸಂಸಾರ ಹೂಡಿದ್ದು ಕೋರ್ಟಿನಲ್ಲಿ ವಾದದ ನಡುವೆ ಪ್ರಕಟವಾಯಿತು.

ಓದುಗ ಮಹಾಶಯರೇ, ನಿಮಗೂ ಇಂಥ ಒಂದು ಬಾರದ ವಿದ್ಯೆ ಇದ್ದೀತು. ಅದರಿಂದ ನಾಚಿಕೆಯೇನೂ ಇಲ್ಲ. ಕಷ್ಟವಿರುವುದು ಆ ವಿದ್ಯೆ ಯಾರಿಗೆ ಬರುತ್ತದೆ ಎಂಬುದರಲ್ಲಿ. ನನ್ನ ಪೇಟ ಕಟ್ಟುವವರು ನನ್ನ ಷಡ್ಡಕರು.

ನನ್ನ ಹೆಂಡತಿಯ ಅಕ್ಕನನ್ನು ಮದುವೆಯಾದ ಸೀತಾರಾಮಯ್ಯನವರು ತಿರುಮಕೂಡಲು ನರಸೀಪುರದ ಜಮೀನುದಾರರು. ಓದಿದ್ದು ಲೋವರ್ ಸೆಕೆಂಡರಿ. ಆದರೆ ಅವರು ನಡುಮನೆಗೆ ಬಂದರೆ ಅಡಿಗೆಮನೆಯವರೆಗೆ ನಗು ಹಬ್ಬುತ್ತದೆ. ನಾನು ಹೋದರೆ ಎಲ್ಲರೂ ಸೆರಗು ಸರಿಮಾಡಿಕೊಂಡು ಗಂಭೀರರಾಗುತ್ತಾರೆ. ನನ್ನ ಕಾಗದಗಳನ್ನು ಮಾವನವರು ಅರ್ಥವಾಗಲೆಂದು ಎರಡು ಸಲ ಓದುತ್ತಿದ್ದರು, ಅವರ ಕಾಗದಗಳನ್ನು ಸಂತೋಷಕ್ಕೆಂದು ನಾಲ್ಕು ಸಲ. ನನ್ನನ್ನು ಕಂಡರೆ ಕಾಲು ಎತ್ತುತ್ತಿದ್ದ ಮಾವನವರ ಮನೆಯ ಹಸು ಅವರ ಭುಜದ ಮೇಲೆ ಗದ್ದ ಊರಿ ನಿಲ್ಲುತ್ತಿತ್ತು. ಇವನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಹಸುವಿನ ವಿಷಯವನ್ನು ಎರಡು ಕಡೆ ಬರೆದಿದ್ದೇನೆ ಎಂಬುದು ಮೊನ್ನೆ ತಿರುವಿಹಾಕಿದಾಗ ತಿಳಿಯಿತು. ವಿದ್ಯೆ ವಿನಯವನ್ನು ಕೊಡುತ್ತದೆಯೋ ಇಲ್ಲವೋ ನಾನರಿಯೆ. ಮತ್ಸರಕ್ಕೆ ಮಾತ್ರ ಒಳ್ಳೆಯ ಜ್ಞಾಪಕಶಕ್ತಿಯನ್ನು ಕೊಡುತ್ತದೆ.

ದೈವವಶಾತ್ ನಾವಿಬ್ಬರೂ ಒಂದೇ ವರ್ಷ ದಸರೆಯ ಪ್ರತಿನಿಧಿ ಸಭೆಗೆ ಮೆಂಬರುಗಳಾದೆವು. ಕಂದಾಯ ಕಟ್ಟುವ ಯೋಗ್ಯತೆಯಿಂದ ಅವರು ನರಸೀಪುರ ತಾಲ್ಲೂಕಿಗೆ, ಪದವಿಯ ಯೋಗ್ಯತೆಯಿಂದ ನಾನು ನಂಜನಗೂಡಿಗೆ. ಮೈಸೂರಿನಲ್ಲಿ ಸೇರುವ ಆ ಸಭೆಯಲ್ಲಿ ತಾಲ್ಲೂಕಿನ ಮೆಂಬರುಗಳು ದಿವಾನರ ಮುಂದೆ ಸರದಿಯಂತೆ ಎದ್ದು, ಯಾವ ಇಲಾಖೆ ಏನು ಖರ್ಚು ಮಾಡಿತು, ತಮ್ಮ ಊರಿಗೆ ಏಕೆ ಮಾಡಲಿಲ್ಲ ಎಂದು ಕೇಳಬಹುದಾಗಿತ್ತು. ದಿವಾನರು ಉತ್ತರ ಕೊಡುತ್ತಿದ್ದರು. ಒಂದೇ ವಿಷಯವನ್ನು ಇಬ್ಬರು ಕೇಳುವುದಿದ್ದರೆ ಒಟ್ಟಿಗೆ ತೆಗೆದುಕೊಳ್ಳುವರು. ಪಟ್ಟಿಯಲ್ಲಿ ಮೇಲಿರುವವರು ಮಾತಾಡುವುದು, ಕೆಳಗಿರುವವರು ಎದ್ದು “ನನ್ನದೂ ಅದೇ ಅರಿಕೆ” ಎಂದು ಕುಳಿತುಕೊಳ್ಳುವುದು, ಇದು ಪದ್ಧತಿ.

ನನ್ನ ಅರಿಕೆ ಒಂದೇ. ನಂಜನಗೂಡಿನ ಆಸ್ಪತ್ರೆಗೆ ಕಲಿತ ಮಿಡ್‌ವೈಫ್ ಒಬ್ಬರು ಬೇಕು. ಬಿಳಿಗೆರೆಯ ಸಿದ್ದೇಗೌಡ ಎಂಬ ರೈತ ಇದಕ್ಕಾಗಿ ನಾಲ್ಕು ಸಲ ನನ್ನ ಮನೆಗೆ ನಡೆದು ಬಂದಿದ್ದ. ಹಿಂದಿನ ಬೇಸಗೆಯಲ್ಲಿ ಅವನ ಮಗಳು ಎರಡು ದಿನ ಹೆರಿಗೆಯ ನೋವು ತಿಂದು ತೀರಿಹೋಗಿದ್ದಳು. “ನೀವು ಓದ್ದೋರು, ಒಂದ್ ಮಾತು ಕೇಳ್ಬುಡಿ ಸಾ. ಇನ್ನೊಬ್ಬ ಮಗಳು ಅವಳೆ ನಂಗೆ” ಎಂದಿದ್ದ. ನನಗೂ ಕಾರಣವಿತ್ತು. ನನ್ನ ಹೆಂಡತಿಗೆ ಮೊದಲ ಮಗು ದಕ್ಕಿರಲಿಲ್ಲ. ಆ ದಸರೆಗೆ ಅವಳು ಮತ್ತೆ ಆರು ತಿಂಗಳ ಬಸುರಿ. ತಾಯಿಯಿಲ್ಲದವಳು, ಅಷ್ಟರಲ್ಲಿ ಮಾವನವರೂ ತೀರಿಹೋಗಿ ಬಾಣಂತನಕ್ಕೆ ಹೋಗಲು ತವರಿರಲಿಲ್ಲ. ಅಕ್ಕನ ಮನೆಗೆ ಹೋಗುತ್ತೇನೆಂದರೆ ನಾನು ಒಪ್ಪಿರಲಿಲ್ಲ. ನಮ್ಮೂರಿಗೇ ಮಿಡ್‌ವೈಫ್ ತರಿಸುತ್ತೇನೆ ನೋಡು ಎಂದಿದ್ದೆ.

ನಾಲ್ಕು ಹಾಳೆಗಳ ಭಾಷಣ ಬರೆದೆ. ಪಟ್ಟಿ ಅಚ್ಚಾಗಿ ಬಂದಾಗ ನೋಡಿದರೆ ಸೀತಾರಾಮಯ್ಯನವರದೂ ಮಿಡ್‌ವೈಫ್ ಅರಿಕೆಯೇ. ಅವರ ಹೆಸರು ಮೇಲೆ, ನನ್ನದು ಕೆಳಗೆ.

ಸಭೆಯ ದಿನ ಬೆಳಗ್ಗೆ ಮೈಸೂರಿನ ಬಿಡಾರದಲ್ಲಿ ಅವರು ನನ್ನನ್ನು ಮಣೆಯ ಮೇಲೆ ಕೂರಿಸಿ ಪೇಟ ಕಟ್ಟಿದರು. ಯಾರ ಮೇಲೆ ಹೊಟ್ಟೆಕಿಚ್ಚೋ ಅವರ ಕೈಗೇ ತಲೆಯೊಪ್ಪಿಸಿ ಕೂರುವುದು ಎಂಥ ತಪಸ್ಸೆಂಬುದು ಅನುಭವಿಸಿದವರಿಗೇ ಗೊತ್ತು. “ತಲೆ ಅಲ್ಲಾಡಿಸಬೇಡಿ ಬಿ.ಎ.ಯವರೇ, ಸುತ್ತು ಕೆಡ್ತದೆ” ಎಂದರು. ಕನ್ನಡಿಯಲ್ಲಿ ನೋಡಿದೆ. ಪೇಟ ಸೊಗಸಾಗಿತ್ತು. ಅದರ ಕೆಳಗಿನ ಮುಖ ಅದಕ್ಕೆ ಒಪ್ಪುವಂತಿರಲಿಲ್ಲ.

ಸಭೆಯಲ್ಲಿ ಅವರ ಸರದಿ ಬಂದಾಗ ಅವರ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. “ಮಹಾಸ್ವಾಮಿ, ನಮ್ಮ ತಾಲ್ಲೂಕಲ್ಲಿ ಹೆಂಗಸರು ಹೆರಿಗೆಯಲ್ಲಿ ಸಾಯ್ತಾ ಇದ್ದಾರೆ. ಕಲಿತ ಮಿಡ್‌ವೈಫ್ ಒಬ್ಬರನ್ನ ಕೊಡಿಸಬೇಕು. ನಂಜನಗೂಡಿಗೂ ಒಬ್ಬರು ಬೇಕು, ಅದನ್ನ ಪಕ್ಕದ ಮೆಂಬರು ನನಗಿಂತ ಚೆನ್ನಾಗಿ ಹೇಳ್ತಾರೆ” ಎಂದು ಹೇಳಿ ಕುಳಿತರು. ಅಷ್ಟೇ. ನನ್ನ ನಾಲ್ಕು ಹಾಳೆಗಳಲ್ಲಿ ಉಳಿದದ್ದು ಬರೀ ವಿಶೇಷಣಗಳು. ದಿವಾನರ ಮುಖ ಮೃದುವಾಗಿತ್ತು. ನಾನು ಎದ್ದು “ನನ್ನದೂ ಅದೇ ಅರಿಕೆ” ಎನ್ನಬೇಕಾಗಿತ್ತು. ಮೂರು ಮಾತು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ನೆನಪು ಹೇಳುವುದೇನೆಂದರೆ, ನಾನು ಎದ್ದೆ, ಗಂಟಲು ಒಣಗಿತು, ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಮಾತು ಹೊರಬಿತ್ತು. ಆದರೆ ಸಭೆಯ ಅಚ್ಚಾದ ವರದಿಯಲ್ಲಿ ನನ್ನ ಮಾತು ಒಂದೂವರೆ ಪುಟವಿದೆ. ಗಂಟಲು ಒಣಗಿದವನು ಅಷ್ಟು ಮಾತಾಡಲಾರ. ವೈದ್ಯಕೀಯ ಇಲಾಖೆ ವರ್ಷವರ್ಷವೂ ಕಾಯಂ ಹುದ್ದೆಗಳನ್ನು ಬೆಳೆಸುತ್ತಿರುವುದು ವಿವೇಕವೇ, ಈಗಿರುವ ಮಿಡ್‌ವೈಫುಗಳಿಂದ ಎಷ್ಟು ಪ್ರಯೋಜನವಾಗಿದೆಯೆಂದು ಇಲಾಖೆ ಪರಿಶೀಲಿಸಿದೆಯೇ, ಪ್ರಜೆಗಳ ಹಣವನ್ನು ಕರುಣೆಯ ಹೆಸರಿನಲ್ಲಿ ವಿಚಾರವಿಲ್ಲದೆ ವೆಚ್ಚಮಾಡಬಹುದೇ ಎಂದು ನಾನು ಕೇಳಿದೆನಂತೆ. ಕೇಳಿದೆ. ಷಡ್ಡಕರ ಬಾಲವಾಗಿ ಎದ್ದು ನಿಲ್ಲುವುದಕ್ಕಿಂತ ಅವರ ಅರಿಕೆಯನ್ನೇ ಪರೀಕ್ಷಿಸುವ ಪಂಡಿತನಾಗಿ ನಿಲ್ಲುವುದು ಆ ಗಳಿಗೆಯಲ್ಲಿ ನನಗೆ ಹಿತವಾಗಿತ್ತು. ಅದು ನನ್ನ ಅರಿಕೆಯೂ ಹೌದೆಂಬುದು ಮರೆತೇಹೋಗಿತ್ತು.

ಪದವೀಧರ ಮೆಂಬರುಗಳು ಮೇಜು ತಟ್ಟಿದರು. ದಿವಾನರು ಸಾವಧಾನವಾಗಿ ಉತ್ತರ ಕೊಟ್ಟರು. ಎರಡು ತಾಲ್ಲೂಕುಗಳಿಗೂ ಒಬ್ಬೊಬ್ಬರನ್ನು ನೇಮಿಸಬೇಕೆಂದು ಇಲಾಖೆ ಆಲೋಚಿಸಿತ್ತು. ಆದರೆ ನಂಜನಗೂಡಿನ ಮೆಂಬರವರು ಕೊಟ್ಟ ಎಚ್ಚರಿಕೆ ಯುಕ್ತವಾಗಿರುವುದರಿಂದ ಈ ವರ್ಷ ನರಸೀಪುರಕ್ಕೆ ಮಾತ್ರ ನೇಮಿಸಿ ಪ್ರಯೋಜನ ನೋಡಿ, ಅನಂತರ ನಂಜನಗೂಡಿನ ವಿಷಯ ಯೋಚಿಸಲಾಗುವುದು. ಅವರು ವ್ಯಂಗ್ಯವಾಡುವವರಲ್ಲ. ನನ್ನನ್ನು ನಿಜವಾಗಿ ಮೆಚ್ಚಿಕೊಂಡಿದ್ದರು.

ಹೊರಗೆ ಬಂದಾಗ ಸೀತಾರಾಮಯ್ಯನವರು ಹೇಳಿದ್ದು ಇಷ್ಟೇ: “ಭಾಷಣ ಜೋರಾಗಿತ್ತು. ಪೇಟ ಒಂದಿಷ್ಟೂ ಅಲ್ಲಾಡಲಿಲ್ಲ ನೋಡಿ.” ಅದು ಕುಟುಕಾಗಿದ್ದರೆ ನಾನು ಸುಖವಾಗಿರುತ್ತಿದ್ದೆ. ಎಷ್ಟು ಹುಡುಕಿದರೂ ಅದರಲ್ಲಿ ಕೊಂಡಿ ಸಿಗಲಿಲ್ಲ. ಆ ದಿನದ ದಿನಚರಿಯಲ್ಲಿ “ಭಾಷಣ ಚೆನ್ನಾಯಿತು” ಎಂದು ಬರೆದಿದ್ದೇನೆ. ದಿನಚರಿಯೂ ಸುಳ್ಳು ಹೇಳುತ್ತದೆ, ಅದರಲ್ಲೂ ಬರೆದ ದಿನವೇ.

ರೈಲು ತಾಂಡವಪುರ ದಾಟುವಷ್ಟರಲ್ಲಿ ನನ್ನ ಸಂಭ್ರಮ ಇಳಿದಿತ್ತು. ನಂಜನಗೂಡು ಸ್ಟೇಷನ್ನಿನಲ್ಲಿ ಸಿದ್ದೇಗೌಡ ಕಾದಿದ್ದ. “ಏನಂದ್ರು ಸಾ, ದಿವಾನ್ರು?” ಎಂದ. ಸರ್ಕಾರ ಯೋಚಿಸುತ್ತಿದೆ ಎಂದೆ. ಅದು ಅಕ್ಷರಶಃ ನಿಜವಾಗಿತ್ತು. ಅವನು ಕೈಮುಗಿದ. ನಾನು ಪೇಟದ ಮರ್ಯಾದೆಗೆ ತಕ್ಕಂತೆ ತಲೆ ಬಾಗಿಸಿದೆ.

ಹೆಂಡತಿಗೆ ವಿಷಯ ಅಕ್ಕನ ಕಾಗದದಿಂದ ತಿಳಿಯಿತು, ಅದೂ ಅರ್ಧ: ನರಸೀಪುರಕ್ಕೆ ಮಿಡ್‌ವೈಫ್ ಬಂದಿದ್ದಾಳೆ, ಬಾ. ಈ ಸಲ ಬೇಡವೆನ್ನಲು ನನಗೆ ಬಾಯಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಮಾನು ಗಾಡಿಗೆ ದಪ್ಪವಾಗಿ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ ಅವಳನ್ನು ಕೂರಿಸಿಕೊಂಡು ಹೊರಟೆ. ಹದಿನಾರು ಎಂಬ ಊರಿನ ಹತ್ತಿರ ಗಾಲಿ ಒಂದು ಹಳ್ಳಕ್ಕಿಳಿದು ಅವಳು ಮುಖ ಹಿಂಡಿದಳು. ಈ ರಸ್ತೆಯ ವಿಷಯ ಸಭೆಯಲ್ಲಿ ಯಾರೂ ಕೇಳುವುದಿಲ್ಲವೇ ಎಂದಳು. ನಾನು ಗಾಡಿಯವನಿಗೆ ಎತ್ತುಗಳನ್ನು ಮೆಲ್ಲಗೆ ಹೊಡೆ ಎಂದೆ.

ಹೆರಿಗೆ ಕಷ್ಟವಾಯಿತು. ಮಗು ಕಾಲು ಮುಂದಾಗಿ ಬರುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಷಡ್ಡಕರ ಜಗಲಿಯ ಮೇಲೆ ಕುಳಿತಿದ್ದೆ. ಅವರೇ ಒಳಗಿಂದ ಹೊರಕ್ಕೆ ಬಿಸಿನೀರಿಗೆ, ಬಟ್ಟೆಗೆ ಓಡಾಡಿದರು. ಕಡೆಗೆ ಅಳು ಕೇಳಿಸಿತು. ಮಿಡ್‌ವೈಫ್ ಕೈಯೊರೆಸಿಕೊಂಡು ಹೊರಗೆ ಬಂದರು. ಮೈಸೂರಿನಲ್ಲಿ ಕಲಿತ ಕ್ರೈಸ್ತ ಹೆಂಗಸು, ನಡುವಯಸ್ಸು. ಹೆಣ್ಣುಮಗು, ತಾಯಿ ಕ್ಷೇಮ ಎಂದು ಹೇಳಿ, ಚೀಲದಿಂದ ಪುಸ್ತಕ ತೆಗೆದು ಯಾವ ತಾಲ್ಲೂಕು ಎಂದು ಕೇಳಿದರು. ಹೇಳಿದೆ.

“ನಂಜನಗೂಡೇ? ಅಲ್ಲಿಗೂ ಒಬ್ಬರನ್ನ ಹಾಕೋರಿದ್ರು. ನನ್ನ ಜೊತೇಲಿ ಕಲಿತೋಳೇ ಬರಬೇಕಾಗಿತ್ತು” ಎಂದರು ಬರೆಯುತ್ತ. “ಅಲ್ಲಿನ ಮೆಂಬರು ಯಾರೋ ಬೇಡ ಅಂದುಬಿಟ್ರಂತೆ. ಎಂಥಾ ಜನವೋ.”

ಸೀತಾರಾಮಯ್ಯನವರು ಕಂಬಕ್ಕೊರಗಿ ನಿಂತಿದ್ದರು. ಈಗ ಹೇಳುತ್ತಾರೆ ಎಂದುಕೊಂಡೆ. “ಯಾರೋ ಇರಬೇಕು ಬಿಡಮ್ಮ. ಮೊದಲು ಕಾಫಿ ಕುಡೀರಿ” ಎಂದು ಒಳಗೆ ಹೋದರು.

ಅವರು ನನ್ನನ್ನು ಬಯಲಿಗೆಳೆದಿದ್ದರೆ ನಾವಿಬ್ಬರೂ ಸಮನಾಗುತ್ತಿದ್ದೆವು. ಅವರನ್ನು ಮೆಚ್ಚಿದ ಹಸು, ಅವರ ನಗು, ಅವರ ಮೂರು ವಾಕ್ಯ, ಇವನ್ನೆಲ್ಲ ಹೇಗೋ ಸಹಿಸಿಕೊಂಡಿದ್ದೆ. ಆ ಮೌನವನ್ನು ಸಹಿಸಲಾಗಲಿಲ್ಲ. ಅದು ನನಗೆ ಎಂದೂ ಕೈಗೆಟುಕದ ವಸ್ತು. ಮಗಳು ಹುಟ್ಟಿದ ಗಳಿಗೆಯಲ್ಲಿ, ನಾಚಿಕೆಯನ್ನೂ ಮೀರಿ, ನನ್ನೊಳಗೆ ಉರಿಯುತ್ತಿದ್ದದ್ದು ಇದೇ ಎಂದು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಮಿಡ್‌ವೈಫಿನ ಮಾತು ಒಳಗಿನ ಕೋಣೆಗೂ ಕೇಳಿಸಿತ್ತೆಂಬುದು ನನಗೆ ಗೊತ್ತಾದದ್ದು ಮುಂದಿನ ದಸರೆಗೆ. ಪೆಟ್ಟಿಗೆ ಜೋಡಿಸುತ್ತಿದ್ದ ಹೆಂಡತಿ ನನ್ನ ಹೊಸ ನಾಲ್ಕು ಹಾಳೆಗಳನ್ನು ಹೊರಕ್ಕೆ ತೆಗೆದಿಟ್ಟಳು. “ಈ ಸಲ ಭಾವ ಹೇಳಿದ ಹಾಗೆ ಎರಡು ಮಾತು ಹೇಳಿ ಕೂತ್ಕೊಳ್ಳಿ” ಎಂದಳು. ದನಿಯೇರಿಸಲಿಲ್ಲ. ಒಂಬತ್ತು ತಿಂಗಳು ಅವಳು ಆ ಮಾತನ್ನು ಇಟ್ಟುಕೊಂಡಿದ್ದಳು. ಆಡಿದಾಗಲೂ ಭಾವನ ಹೆಸರು ಹಿಡಿದೇ ಆಡಿದಳು.

ಎರಡೇ ಮಾತು ಹೇಳಿದೆ. ಹೋದ ವರ್ಷ ನಾನು ಆಡಿದ್ದು ತಪ್ಪು. ನಂಜನಗೂಡಿಗೆ ಮಿಡ್‌ವೈಫ್ ಬೇಕು. ಯಾರೂ ಮೇಜು ತಟ್ಟಲಿಲ್ಲ. ಯುಗಾದಿಯ ಹೊತ್ತಿಗೆ ನಮ್ಮ ಆಸ್ಪತ್ರೆಗೆ ಒಬ್ಬರು ಬಂದರು. ಸಿದ್ದೇಗೌಡನಿಗೆ ಹೋದ ವರ್ಷದ ನಿಜವನ್ನು ಹೇಳಿದೆ. ಅವನು “ಆಯ್ತು ಬುಡಿ ಸಾ, ಕಿರಿಯವಳ್ಗೆ ಆಯ್ತದೆ” ಎಂದು ಹೊರಟುಹೋದ. ಮತ್ತೆ ಅವನು ನನ್ನ ಮನೆಗೆ ಬರಲಿಲ್ಲ.

ಆ ಎರಡನೆಯ ದಸರೆಯ ವರದಿಯಲ್ಲಿ ನನಗೆ ಒಂದು ಸಾಲು ಸಿಕ್ಕಿದೆ. ದಿನಚರಿಯಲ್ಲೂ ಒಂದೇ ಸಾಲು. ಎರಡರಲ್ಲೂ ಇಲ್ಲದ್ದು ಆ ಸಭೆಯ ದಿನದ ಬೆಳಗು. ಅದು ನಡೆದದ್ದು ಹೀಗೆಯೇ ಎಂದು ಪ್ರಮಾಣ ಮಾಡಲಾರೆ, ಆದರೂ ಹೇಳುತ್ತೇನೆ. ಹಬ್ಬಕ್ಕೆಂದು ಎರಡು ಸಂಸಾರವೂ ಮೈಸೂರಿಗೆ ಬಂದಿದ್ದವು. ಗೂಟದ ಮೇಲಿದ್ದ ಹಳೆಯ ಪೇಟವನ್ನು ಹಿಂದಿನ ವಾರವೇ ಮಗಳು ಎಳೆದು ಬಿಚ್ಚಿಹಾಕಿದ್ದರಿಂದ ನಾನು ಮತ್ತೆ ಮಣೆಯ ಮೇಲೆ ಕುಳಿತಿದ್ದೆ. ಷಡ್ಡಕರು ಸುತ್ತತೊಡಗಿದರು. ಮಗಳು ನೆಲದ ಮೇಲೆ ಬಟ್ಟೆಯ ಇನ್ನೊಂದು ತುದಿಯನ್ನು ಎರಡು ಕೈಯಲ್ಲೂ ಹಿಡಿದು, ಅವರು ಒಂದೊಂದು ಸುತ್ತು ಹಾಕಿದಾಗಲೂ ಅವರ ಮುಖ ನೋಡಿ ಕೇಕೆ ಹಾಕುತ್ತಿದ್ದಳು. ನಾನು ಕರೆದೆ. ತಿರುಗಲಿಲ್ಲ.

“ತಲೆ ಅಲ್ಲಾಡಿಸಬೇಡಿ ಬಿ.ಎ.ಯವರೇ” ಎಂದರು ಅವರು.

ಹೊಟ್ಟೆಯಲ್ಲಿ ಕೆಂಡವಿತ್ತು. ತಲೆಯನ್ನು ಅಲ್ಲಾಡಿಸದೆ ಕುಳಿತಿದ್ದೆ.