ಗಿರಣಿ ಮಾವಶಿಯ ಬಹುಮತ

೧೯೯೩ರಲ್ಲಿ, ಖಾನಾಪುರದಲ್ಲಿ, ಏಳನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಫೇಲಾಗಿ ಅಲ್ಲ. ಹಂಚಿನ ಭಟ್ಟಿಯಲ್ಲಿ ಕೆಲಸ ಸಿಕ್ಕಿತು, ಅದಕ್ಕೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬೆಳಗಾವಿಯ ಖಾಸಬಾಗದ ಗಿರಣಿ ಮಾವಶಿ ನನ್ನನ್ನು ಯಾರಿಗೆ ತೋರಿಸಿದರೂ ಅಲ್ಲಿಂದಲೇ ಸುರು ಮಾಡುತ್ತಿದ್ದರು: “ಇಂವ ಈರಣ್ಣ. ಸಾಲಿ ಬಿಟ್ಟಾನ, ಆದ್ರ ಶಾಣ್ಯಾ ಅದಾನ.”

ಅದನ್ನು ಮೆಲ್ಲಗೆ ಹೇಳಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದ ದನಿ ಅದು. ಮಷೀನು ಬಂದಾದರೂ ದನಿ ಬಂದಾಗುತ್ತಿರಲಿಲ್ಲ. ಅವರು ಗುಡಿಯಲ್ಲಿ ಕಣ್ಣು ಮುಚ್ಚಿ ಬೇಡಿಕೊಂಡರೆ, ಮಾವಶಿಗೆ ಈ ಸಲ ದೇವರಿಂದ ಏನು ಆಗಬೇಕಾಗಿದೆ ಎಂಬುದು ಚಪ್ಪಲಿ ಬಿಡುವ ಜಾಗದವರೆಗೂ ಗೊತ್ತಾಗುತ್ತಿತ್ತು.

ಹೆಸರು ಸುಶೀಲಾ; ಓಣಿಯವರಿಗೆಲ್ಲ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ಹುಟ್ಟಿದ್ದು ಖಾನಾಪುರದ ಮರಾಠಿ ಮನೆಯಲ್ಲಿ, ಕೊಟ್ಟಿದ್ದು ಖಾಸಬಾಗದ ಪಕ್ಕದ ಶಹಾಪುರದ ಕನ್ನಡ ನೇಕಾರರ ಮನೆಗೆ. ಗಂಡ ಮಗ್ಗ ಮಾರಿ ಖಾಸಬಾಗದಲ್ಲಿ ಗಿರಣಿ ಹಾಕಿದ, ಹಾಕಿದ ಮರುವರ್ಷ ತೀರಿಕೊಂಡ. ಮಾವಶಿ ಲೆಕ್ಕ ಮಾಡುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಹುಬ್ಬಿನ ಮೇಲೆ ಸದಾ ಹಿಟ್ಟು. ಅದರ ಬಣ್ಣ ನೋಡಿಯೇ ಅವತ್ತು ಜೋಳ ಹೆಚ್ಚು ಬಂದಿದೆಯೋ ಗೋಧಿಯೋ ಎಂದು ಹೇಳಬಹುದಿತ್ತು.

ಭಟ್ಟಿ ಬಿಟ್ಟು ಬೆಳಗಾವಿಗೆ ಬಂದ ಮೇಲೆ ನನ್ನದು ಮೈಕು, ಪರದೆ, ಪ್ರೊಜೆಕ್ಟರ್ ಬಾಡಿಗೆಗೆ ಕೊಡುವ ಧಂದೆ. ನಾನು ಕಟ್ಟಿದ ಪರದೆ ಗಾಳಿಗೆ ಬಿದ್ದಿದ್ದನ್ನು ಬೆಳಗಾವಿಯಲ್ಲಿ ಯಾರೂ ನೋಡಿಲ್ಲ. ಗಿರಣಿಯ ಹಿಂದಿನ ಬಯಲಿನಲ್ಲಿ ಬೇಸಿಗೆ ರಜೆಯ ಶನಿವಾರಗಳಂದು ಇಡೀ ಓಣಿಗೆ ಸಿನಿಮಾ ತೋರಿಸುವ ರೂಢಿ ಸುರು ಮಾಡಿದವರು ಮಾವಶಿ. ಪರದೆ ನನ್ನದು, ಕರೆಂಟು ಗಿರಣಿಯದು, ಚಾಪೆ ಅವರವರದು. ಯಾವ ಸಿನಿಮಾ ಎಂಬುದು ಮಾತ್ರ ಓಣಿಯ ಬಹುಮತದಿಂದ ಆಗಬೇಕು ಎಂದು ಅವರೇ ಕಾನೂನು ಮಾಡಿದ್ದರು.

ಬಹುಮತ ತೆಗೆಯುವ ರೀತಿ ಹೀಗಿತ್ತು. ಡಬ್ಬಿ ಹಿಡಿದು ಬಂದವರನ್ನು, ಮಷೀನು ಜೋರಾಗಿ ತಿರುಗುವಾಗಲೇ ಮಾವಶಿ ಕೇಳುವರು: “ಯಾವ ಸಿನಿಮಾ ಬೇಕ?” ಬಂದವರು ಬಾಯಿ ಆಡಿಸುವರು. ಒಂದು ಅಕ್ಷರವೂ ಯಾರಿಗೂ ಕೇಳುತ್ತಿರಲಿಲ್ಲ. ಮಾವಶಿ ತಲೆಯಾಡಿಸಿ, “ಹಾಂ, ಅದ. ಎಲ್ಲಾರೂ ಅದನ್ನ ಹೇಳಾಕತ್ತಾರ,” ಎನ್ನುವರು. ಸಂಜೆಗೆ ಬಹುಮತ ಬಂದಿರುತ್ತಿತ್ತು. ಅದು ಯಾವಾಗಲೂ ಮಾವಶಿಗೆ ಹಿಡಿಸಿದ ಸಿನಿಮಾನೇ ಆಗಿರುತ್ತಿತ್ತು.

ಅವರಿಗೆ ಹಿಡಿಸುವುದೂ ಸುಲಭವಲ್ಲ. ನನ್ನ ಲ್ಯಾಪ್‌ಟಾಪು ಗಿರಣಿಯ ಕಟ್ಟೆಯ ಮೇಲಿಟ್ಟು ಒಂದೊಂದೇ ಸಿನಿಮಾ ಹಚ್ಚಿ ತೋರಿಸಬೇಕು, ಅದೂ ಮಷೀನು ನಡೆದಿರುವಾಗಲೇ. ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ ಎಂದರೆ, “ಮಾತ ಏನ ಕೇಳ್ತಿ, ಮಾರಿ ನೋಡು. ಬಾಯಿಲೆ ಸುಳ್ಳ ಹೇಳಬಹುದು, ಮಾರೀಲೆ ಹೇಳಾಕ ಬರಂಗಿಲ್ಲ,” ಎನ್ನುವರು. ಒಮ್ಮೆ ಒಂದು ದೊಡ್ಡ ಹೊಡೆದಾಟದ ಸಿನಿಮಾ ತಂದಿದ್ದೆ. ನಾಯಕ ಗೋದಾಮಿನಲ್ಲಿ ಒಬ್ಬೊಬ್ಬರನ್ನೇ ಎತ್ತಿ ಹಿಟ್ಟಿನ ಚೀಲದ ಮೇಲೆ ಒಗೆಯುತ್ತಾನೆ, ಚೀಲ ಒಡೆದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಮಾವಶಿ ಲ್ಯಾಪ್‌ಟಾಪನ್ನು ಟಪ್ ಎಂದು ಮುಚ್ಚಿದರು.

“ಅಷ್ಟೂ ಹಿಟ್ಟ ಹಾಳ ಮಾಡಿದ್ನಲ್ಲೋ! ಅವನ ಕೈ ಮುರೀಲಿ. ಇಂಥಾವ್ನ ಹೀರೋ ಅಂತೀರಿ?”

ಓಣಿಯ ಹುಡುಗರು ಕಾಲು ಹಿಡಿದರೂ ಆ ಸಿನಿಮಾಕ್ಕೆ ಬಹುಮತ ಬರಲಿಲ್ಲ.

ಹೀಗೆ ನಡೆದಿದ್ದ ಶನಿವಾರಕ್ಕೆ ಒಂದು ವರ್ಷ ವಿಘ್ನ ಬಂತು. ಗಿರಣಿಯ ಸಾಲಿನ ಕಲ್ಲಪ್ಪ ಮಾಸ್ತರರು, ರಿಟಾಯರ್ ಆದ ಮೇಲೆ ಯಾರನ್ನಾದರೂ ತಿದ್ದದಿದ್ದರೆ ಉಂಡದ್ದು ಅರಗದವರು, ಈ ಸಲ ಸಿನಿಮಾ ಕನ್ನಡದ್ದೇ ಆಗಬೇಕು ಎಂದರು. ಎದುರು ಸಾಲಿನ ದತ್ತಾ ಕಾಕಾ, ಸೈಕಲ್ ಅಂಗಡಿಯವರು, ಹಾಗಾದರೆ ನಮಗೆ ಮರಾಠಿಯದು ಬೇರೆ ಆಗಲಿ ಎಂದರು. ಇಬ್ಬರೂ ಬೆಳಿಗ್ಗೆ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವವರು. ಇಬ್ಬರೂ ಗುಟ್ಟಾಗಿ ನನ್ನ ಹತ್ತಿರ ಬಂದು ಬೇರೆ ಪರದೆಗೆ ರೇಟು ಕೇಳಿಹೋದರು. ಎರಡು ಪರದೆ ಎಂದರೆ ನನಗೆ ಎರಡು ಬಾಡಿಗೆ. ನನಗೇನೂ ದುಃಖವಾಗಲಿಲ್ಲ.

ದುಃಖವಾದದ್ದು ಮಾವಶಿಗೆ. ಅವತ್ತು ಮಷೀನು ಬಂದು ಮಾಡಿ ಕೂತಿದ್ದರು.

“ಈರಣ್ಣ, ಎರಡ ಪರದಿ ಕಟ್ಟಿದ್ರ ನಾ ಯಾ ಕಡೆ ಚಾಪಿ ಹಾಸಲೋ? ಹುಟ್ಟಿದ ಕಡೆನೋ, ಕೊಟ್ಟ ಕಡೆನೋ?”

ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡು ಎದ್ದರು.

“ಒಂದ ಪರದಿ ಕಟ್ಟು. ಆಯೀದ ಸಿನಿಮಾ ಐತಿ ಅಂತ ಓಣಿಯೊಳಗ ಹೇಳು. ಅಷ್ಟ ಹೇಳು, ಮುಂದ ಬಾಯಿ ಬಿಡಬ್ಯಾಡ.”

ಅದರ ಜಾಣತನ ನನಗೆ ಹೊಳೆದದ್ದು ಹೇಳಿ ಬಂದ ಮೇಲೆ. ಮಾಸ್ತರರ ಮನೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ದತ್ತಾ ಕಾಕಾನ ಮನೆಯ ಮರಾಠಿಯಲ್ಲಿ ಆಯಿ ಎಂದರೆ ತಾಯಿ. “ಆಯೀದ? ಹಂಗಾದ್ರ ನಮ್ದ ಆತು, ಬಿಡು,” ಎಂದು ಮಾಸ್ತರರು ನಕ್ಕರು. “ಆಯೀಚಾ ಸಿನಿಮಾ? ಮಸ್ತ್! ಖರೇ ಅಂದ್ರ ಮಾವಶಿ ನಮ್ಮಾಕಿನ,” ಎಂದು ದತ್ತಾ ಕಾಕಾ ನಕ್ಕರು. ಇಬ್ಬರೂ ಗೆದ್ದೆವೆಂದು ಒಬ್ಬರಿಗೊಬ್ಬರು ಚಹಾ ಕೊಡಿಸಿದರು.

ಇನ್ನು ಸಿನಿಮಾ ಹುಡುಕಬೇಕಲ್ಲ. ಗಿರಣಿಯ ಕಟ್ಟೆಯ ಮೇಲೆ ಒಂದಾದ ಮೇಲೊಂದು ಹಚ್ಚಿದೆ. ಒಂದು ಸಿನಿಮಾದಲ್ಲಿ ಮುದುಕಿಯೊಬ್ಬಳು ಅಂಗಳ ಗುಡಿಸುತ್ತಾಳೆ, ಒಬ್ಬ ಹುಡುಗನ ದಾರಿ ಕಾಯುತ್ತಾಳೆ. ಮಾವಶಿ ಡಬ್ಬಿ ತುಂಬುವುದನ್ನೂ ಬಿಟ್ಟು ನೋಡಿದರು. ಆ ಸಿನಿಮಾ ನನ್ನ ಡಿಸ್ಕಿನಲ್ಲಿ ಹೇಗೆ ಬಂದು ಕೂತಿತ್ತೋ, ಅದು ಮಲಯಾಳದ್ದು. ನಾನು ಕಿವಿಯ ಹತ್ತಿರ ಹೋಗಿ ಕೂಗಿದೆ: “ಮಾವಶಿ, ಭಾಷಾ ಬ್ಯಾರೆ ಐತ್ರಿ!”

“ಹಾಂ, ಹಾಂ. ಭಾರಿ ಐತಿ. ಇದನ್ನ ಹಚ್ಚು.”

“ಭಾರಿ ಅಲ್ರಿ, ಬ್ಯಾರೆ!”

“ಭಾರಿನ ಐತಿ ಅಂದ್ನೆಲ್ಲೋ. ಎಷ್ಟ ಸಲ ಹೇಳ್ತಿ?”

ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಅವನ್ನು ಮಾತ್ರ ತೆಗೆ ಎಂದರು. “ಓದಾಕ ಬರೂವರು ಓದಿ ಹೇಳಾಕ ಸುರು ಮಾಡ್ತಾರ, ಉಳದವರು ಅವರ ಮಾರಿ ನೋಡಕೋತ ಕುಂದರಬೇಕು. ನೀನೂ ಓದಂಗಿಲ್ಲ, ನಾನೂ ಓದಂಗಿಲ್ಲ.” ನಾನು ಓದುತ್ತೇನೆ, ನಿಧಾನವಾಗಿ ಓದುತ್ತೇನೆ, ಅಷ್ಟೇ. ಹೇಳಿದೆ. ಕೇಳಿಸಲಿಲ್ಲ ಅವರಿಗೆ.

ಶನಿವಾರ ಬಯಲು ತುಂಬಿತು. ಮೊದಲ ಹತ್ತು ನಿಮಿಷ ಸಿನಿಮಾದಲ್ಲಿ ಮಾತೇ ಇಲ್ಲ. ಮುದುಕಿ ಗುಡಿಸುತ್ತಾಳೆ, ಒಲೆ ಹಚ್ಚುತ್ತಾಳೆ. ಆಮೇಲೆ ಅವಳು ಬಾಯಿ ತೆರೆದಳು. ಈ ಕಡೆಯಿಂದ ಮಾಸ್ತರರು ಎದ್ದು ನಿಂತರು. ಆ ಕಡೆಯಿಂದ ದತ್ತಾ ಕಾಕಾ ಎದ್ದು ನಿಂತರು. ನಾನು ಪ್ರೊಜೆಕ್ಟರಿನ ವೈರಿನ ಮೇಲೆ ಕೈ ಇಟ್ಟುಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತನಗೆ ಸಿಗದ್ದು ಎದುರಿನವನಿಗೂ ಸಿಕ್ಕಿಲ್ಲ ಎಂಬುದು ಖಾತ್ರಿಯಾದ ಮೇಲೆ ಇಬ್ಬರೂ ಸಮಾಧಾನದಿಂದ ಕೂತರು.

ಕೂತವರು ಸುಮ್ಮನಿದ್ದರೇ?

“ಮೊಮ್ಮಗ ಪತ್ರ ಬರೀಲಿಲ್ಲಂತ ಅಳಾಕತ್ತಾಳ, ಪಾಪ,” ಎಂದರು ಮಾಸ್ತರರು, ಎಲ್ಲರಿಗೂ ಕೇಳುವಂತೆ.

“ಮೊಮ್ಮಗ ಅಲ್ರಿ ಮಾಸ್ತರ, ಮಗಾ!”

“ಆಕಿ ವಯಸ್ಸ ನೋಡ್ರಿ, ದತ್ತಾಬಾ!”

“ನಮ್ಮ ಆಯೀಗೆ ನಾ ಹುಟ್ಟಿದಾಗ ಇಷ್ಟ ವಯಸ್ಸಿತ್ತು!”

“ಅದಕ್ಕ ಹಿಂಗ ಆಗೀರಿ!”

ಬಯಲೆಲ್ಲ ನಕ್ಕಿತು. ಆಮೇಲೆ ಅಕ್ಕಪಕ್ಕದವರು ಅಕ್ಕಪಕ್ಕದವರಿಗೆ ಎರಡೂ ಭಾಷೆಯಲ್ಲಿ ಕತೆ ಹೇಳಿಕೊಡತೊಡಗಿದರು. ಎಲ್ಲರಿಗಿಂತ ಮೇಲೆ ಮಾವಶಿಯ ದನಿ. ಕೊನೆಗೆ ಹುಡುಗ ಬಂದಾಗ ಮುದುಕಿ ಇರಲಿಲ್ಲ, ಅವಳ ಪೊರಕೆ ಅಂಗಳದಲ್ಲಿ ಬಿದ್ದಿತ್ತು. ಎರಡೂ ಸಾಲಿನವರು ಮೂಗು ಒರೆಸಿಕೊಂಡರು.

ಆ ಓಣಿಯಲ್ಲಿ ಬಾಡಿಗೆಗಿದ್ದ ಕೇರಳದ ನರ್ಸ್ ಒಬ್ಬಳು ಚಾಪೆ ಮಡಚುತ್ತ ನಮ್ಮ ಹತ್ತಿರ ಬಂದಳು. ಅಷ್ಟೂ ಹೊತ್ತು ಸುಮ್ಮನೆ ಕೂತಿದ್ದವಳು. ತನ್ನ ಮುರುಕು ಕನ್ನಡದಲ್ಲಿ ಹೇಳಿದಳು: “ಮಾವಶಿ, ಆಕಿ ತಾಯಿ ಅಲ್ಲ, ಅಜ್ಜಿ ಅಲ್ಲ. ಮನಿ ಓನರ್. ಹುಡುಗ ಬಾಡಗಿ ಇದ್ದ.”

ಮಾವಶಿ ಅವಳ ಬಾಯಿಯ ಮೇಲೆ ಕೈ ಇಟ್ಟರು.

“ಸುಮ್ಮನಿರವಾ. ಎಲ್ಲಾರೂ ಅತ್ತ ಮುಗಿಸ್ಯಾರ. ಈಗ ಹೇಳಿದ್ರ ಕಣ್ಣೀರ ವಾಪಸ್ ಕೊಡು ಅಂತಾರ.”

ಅವತ್ತು ಬಯಲಿನಲ್ಲಿ ಮಾವಶಿ ಮೆಲ್ಲಗೆ ಹೇಳಿದ ಮಾತು ಅದೊಂದೇ. ಭಾಷೆ ಬೇರೆ ಎಂದು ನಾನು ಕೂಗಿದ್ದು ಅವರಿಗೆ ನಿಜಕ್ಕೂ ಕೇಳಿಸಿರಲಿಲ್ಲವೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಕೆಲವು ಬೇಸಿಗೆ ಹಾಗೆಯೇ ಒಂದೇ ಪರದೆ ನಡೆಯಿತು. ಎದೆಯೊಳಗೆ ಹಿಟ್ಟು ಕೂತಿದೆ ಎಂದು ಡಾಕ್ಟರರು ಗಿರಣಿ ಬಿಡಿಸಿದಾಗ ಮಾವಶಿ ಖಾನಾಪುರಕ್ಕೆ, ತಮ್ಮನ ಮನೆಗೆ ಹೋದರು. ಆ ಬೇಸಿಗೆಯೇ ಮಾಸ್ತರರೂ ದತ್ತಾ ಕಾಕಾನೂ ನನಗೆ ಫೋನು ಮಾಡಿದರು, ಒಬ್ಬರಾದ ಮೇಲೊಬ್ಬರು. ಇಬ್ಬರೂ ಗಿರಾಕಿಗಳು. ಬಯಲಿನ ಆ ತುದಿಗೊಂದು, ಈ ತುದಿಗೊಂದು ಕಟ್ಟಿಕೊಟ್ಟೆ.

ಮಳೆಗಾಲ ಮುಗಿದ ಮೇಲೆ ಮಾವಶಿಯನ್ನು ನೋಡಲು ಹೋದೆ. ಹುಬ್ಬು ಬೆಳ್ಳಗೇ ಇತ್ತು, ಆದರೆ ಅದು ಹಿಟ್ಟಲ್ಲ. ದನಿ ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿ ಕೂರಬೇಕಾಯಿತು.

“ಈ ಸಲ ಪರದಿ ಎಷ್ಟ ಕಟ್ಟಿದ್ಯೋ?”

“ಎರಡ್ರಿ.”

“ನಡುವ ಕುಂತವರಿಗೆ ಯಾವುದು ಕೇಳಸ್ತೈತಿ?”

“ಎರಡೂ ಕೇಳಸ್ತಾವ್ರಿ ಮಾವಶಿ. ಯಾವುದೂ ತಿಳಿಯಂಗಿಲ್ಲ.”

“ನಾ ಇದ್ರ ಅಲ್ಲೇ ಕುಂದರತಿದ್ದೆ,” ಎಂದರು.

ಚಳಿಗಾಲದಲ್ಲಿ ತೀರಿಕೊಂಡರು. ಮುಂದಿನ ಬೇಸಿಗೆಗೆ ಎರಡೂ ಸಾಲಿನವರು ಮೊದಲೇ ಹೇಳಿಟ್ಟಿದ್ದರು. ಎರಡನೆಯ ಪರದೆಯನ್ನು ಬೇರೆಯವರಿಂದ ಬಾಡಿಗೆಗೆ ತರುವುದು ಬಿಟ್ಟು ನಾನೇ ಇನ್ನೊಂದು ಸೆಟ್ಟು ಕೊಂಡೆ. ಶನಿವಾರ ಬಯಲಿನ ನಡುವೆ ಯಾರೂ ಕೂರುವುದಿಲ್ಲ, ಅಲ್ಲಿ ನನ್ನ ಟೆಂಪೊ ನಿಲ್ಲಿಸುತ್ತೇನೆ.

ಈಗ ನನ್ನ ಹತ್ತಿರ ಎರಡು ಪರದೆ, ಎರಡು ಪ್ರೊಜೆಕ್ಟರ್, ಎಂಟು ಸ್ಪೀಕರ್, ಒಂದು ಟೆಂಪೊ ಇವೆ. ಎಲ್ಲಾ ಸ್ವಂತದ್ದು.